ಖಿನ್ನತೆಗಾಗಿ ಇರುವ ಅಂತರ್ಜಾಲ ಕಾರ್ಯಕ್ರಮಗಳು ಮತ್ತು ಆ್ಯಪ್‌ಗಳು: ಬಳಸುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

ತುರ್ತು ಸೂಚನೆ: ಬದುಕುವುದು ಬೇಡವೆಂಬ ಆಲೋಚನೆ ಬರುತ್ತಿರುವವರು ಈ ಪುಟವನ್ನು ಓದಿ ಮುಗಿಸುವವರೆಗೆ ಕಾಯಬೇಕಾಗಿಲ್ಲ. ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು.

1. ಪೀಠಿಕೆ

ಖಿನ್ನತೆಯು ಚಿಕಿತ್ಸೆಗೆ ಸ್ಪಂದಿಸುವ ಕಾಯಿಲೆಯಾಗಿರುತ್ತದೆ. 2015-16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಸುಮಾರು 20 ಜನರಿಗೆ ಒಬ್ಬರು ಜೀವಿತಾವಧಿಯಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾಗಿರುತ್ತಾರೆ. ಇವರಲ್ಲಿ ಬಹುಪಾಲು ಜನರು ಚಿಕಿತ್ಸೆಯಿಂದ ದೂರವೇ ಉಳಿದಿರುವುದು ಸದರಿ ಸಮೀಕ್ಷೆಯಿಂದ ತಿಳಿದುಬಂದಿದೆ. ಆಸ್ಪತ್ರೆಯ ದೂರ, ಪ್ರಯಾಣದ ಖರ್ಚು, ಕೂಲಿ ಅಥವಾ ರಜೆಯ ನಷ್ಟ, ನೋಡಿದವರು ಏನೆಂದುಕೊಳ್ಳುವರೋ ಎಂಬ ಸಂಕೋಚ ಇವೇ ಮುಂತಾದ ಕಾರಣಗಳಿಂದ ಅನೇಕರು ಮೊದಲಿಗೆ ತಮ್ಮ ಮೊಬೈಲ್ ದೂರವಾಣಿಯಲ್ಲಿಯೇ ಪರಿಹಾರವನ್ನು ಹುಡುಕುತ್ತಾರೆ.

ಹಾಗೆ ಹುಡುಕಿದಾಗ ದೊರೆಯುವ ಆ್ಯಪ್‌ಗಳಲ್ಲಿ ವೈಜ್ಞಾನಿಕವಾಗಿ ಪರೀಕ್ಷೆಗೆ ಒಳಪಟ್ಟವುಗಳೂ ಇವೆ, ಕೇವಲ ಜಾಹೀರಾತಿನ ಬಲದಿಂದ ನಡೆಯುವವೂ ಇವೆ. ಗುಣಮಟ್ಟವಿಲ್ಲದ ಆ್ಯಪ್‌ನಿಂದ ಆಗುವ ದೊಡ್ಡ ನಷ್ಟವು ಹಣದ್ದಲ್ಲ, ಕಾಲದ್ದು. ಪರಿಣಾಮವಿಲ್ಲದ ಕಾರ್ಯಕ್ರಮದಲ್ಲಿ ಎರಡು ಮೂರು ತಿಂಗಳು ಕಳೆದ ವ್ಯಕ್ತಿಯು ‘ನನಗೆ ಯಾವ ಚಿಕಿತ್ಸೆಯೂ ನಾಟುವುದಿಲ್ಲ’ ಎಂಬ ತೀರ್ಮಾನಕ್ಕೆ ಬರುವ ಅಪಾಯವಿರುತ್ತದೆ. ಆದುದರಿಂದ ಬಳಕೆಗೆ ಮುನ್ನವೇ ಗುಣಮಟ್ಟವನ್ನು ಅಳೆಯುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಈ ಪುಟವು ಯಾವುದೇ ಖಾಸಗಿ ಆ್ಯಪ್‌ ಅನ್ನು ಶಿಫಾರಸು ಮಾಡುವುದಿಲ್ಲ.

2. ವಿಧಗಳು

(ಅ) ಸ್ವಯಂ ಅಭ್ಯಾಸದ ಕಾರ್ಯಕ್ರಮಗಳು: ಬಳಕೆದಾರರು ಪಾಠಗಳನ್ನು ತಾವೇ ಓದಿ ಅಭ್ಯಾಸ ಮಾಡುವಂತಹವು.
(ಆ) ಮಾರ್ಗದರ್ಶನ ಸಹಿತ ಕಾರ್ಯಕ್ರಮಗಳು: ಪಾಠಗಳ ಜೊತೆಗೆ ತರಬೇತಿ ಪಡೆದ ವ್ಯಕ್ತಿಯೊಬ್ಬರು ನಿಯತವಾಗಿ ಸಂಪರ್ಕಿಸಿ ಪ್ರಗತಿಯನ್ನು ವಿಚಾರಿಸುವಂತಹವು.
(ಇ) ವೈದ್ಯರು ಅಥವಾ ಆಪ್ತಸಮಾಲೋಚಕರೊಂದಿಗೆ ವೀಡಿಯೋ ಇಲ್ಲವೇ ದೂರವಾಣಿ ಮೂಲಕ ಮಾತನಾಡಿಸುವ ಸೇವೆಗಳು.
(ಈ) ಧ್ಯಾನ, ನಿದ್ರೆ, ದಿನದ ಮನಃಸ್ಥಿತಿಯ ದಾಖಲೆ ಮುಂತಾದವುಗಳಿಗೆ ಇರುವ ಆ್ಯಪ್‌ಗಳು ಹಾಗೂ ಸಂಭಾಷಣೆ ನಡೆಸುವ ಚಾಟ್‌ಬಾಟ್‌ಗಳು.

ನಾಲ್ಕನೆಯ ವರ್ಗದ ಆ್ಯಪ್‌ಗಳು ಮನಸ್ಸಿಗೆ ಹಿತವೆನಿಸಬಹುದು. ಆದರೆ ಹಿತವೆನಿಸುವುದು ಬೇರೆ, ಚಿಕಿತ್ಸೆ ಬೇರೆ. ಎಲ್ಲ ವಿಷಯಗಳಿಗೂ ಉತ್ತರ ನೀಡುವ ಸಾಮಾನ್ಯ ಕೃತಕ ಬುದ್ಧಿಮತ್ತೆಯ ತಂತ್ರಾಂಶವು ಖಿನ್ನತೆಯ ಚಿಕಿತ್ಸೆಗಾಗಿ ಸಿದ್ಧಪಡಿಸಿದ ಕಾರ್ಯಕ್ರಮವಲ್ಲ ಎಂಬುದನ್ನು ಗಮನದಲ್ಲಿಡತಕ್ಕದ್ದು.

3. ಸಂಶೋಧನೆಗಳಿಂದ ತಿಳಿದುಬಂದಿರುವುದು

ಈ ಕ್ಷೇತ್ರದ ಹಳೆಯ ಕಾರ್ಯಕ್ರಮಗಳಲ್ಲಿ ಒಂದಾದ ಮೂಡ್‌ಜಿಮ್ ಅನ್ನು ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯು 2001ರಲ್ಲಿ ಆರಂಭಿಸಿತು. ಮನಸ್ಸಿಗೆ ಬರುವ ಆಲೋಚನೆಗಳನ್ನು ಒರೆಗೆ ಹಚ್ಚುವುದನ್ನೂ ದಿನಚರಿಯಲ್ಲಿ ಸಣ್ಣ ಬದಲಾವಣೆಗಳನ್ನು ಮಾಡಿಕೊಳ್ಳುವುದನ್ನೂ ಕಲಿಸುವ ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಎಂಬ ಚಿಕಿತ್ಸಾ ಕ್ರಮವನ್ನು ಇದು ಪಾಠಗಳ ರೂಪದಲ್ಲಿ ನೀಡುತ್ತದೆ. 525 ಜನರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದರಿಂದ ಖಿನ್ನತೆಯ ಲಕ್ಷಣಗಳು ಕಡಿಮೆಯಾದುದು ಕಂಡುಬಂದಿತು. ಬ್ರಿಟನ್ನಿನಲ್ಲಿ ಇದೇ ಮಾದರಿಯ ಬೀಟಿಂಗ್ ದ ಬ್ಲೂಸ್ ಎಂಬ ಕಾರ್ಯಕ್ರಮವನ್ನು ಅಲ್ಲಿನ ನೈಸ್ ಸಂಸ್ಥೆಯು 2006ರಲ್ಲಿ ಸೌಮ್ಯ ಹಾಗೂ ಮಧ್ಯಮ ಖಿನ್ನತೆಗೆ ಶಿಫಾರಸು ಮಾಡಿತು.

ಆದರೆ ಇಂಗ್ಲೆಂಡಿನಲ್ಲಿ 691 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಬೇರೆಯೇ ಚಿತ್ರ ದೊರೆಯಿತು. ಕುಟುಂಬ ವೈದ್ಯರ ಎಂದಿನ ಚಿಕಿತ್ಸೆಯ ಜೊತೆಗೆ ಮೇಲ್ಕಂಡ ಎರಡು ಕಾರ್ಯಕ್ರಮಗಳಲ್ಲಿ ಒಂದನ್ನು ನೀಡಿದರೂ, ನಾಲ್ಕು ತಿಂಗಳ ನಂತರ ಹೆಚ್ಚಿನ ಪ್ರಯೋಜನವೇನೂ ಕಂಡುಬರಲಿಲ್ಲ. ಎಲ್ಲ ಪಾಠಗಳನ್ನು ಪೂರ್ಣಗೊಳಿಸಿದವರು ಐವರಲ್ಲಿ ಒಬ್ಬರಿಗಿಂತ ಕಡಿಮೆ. ಉತ್ಸಾಹ ಕುಗ್ಗುವುದೇ ಖಿನ್ನತೆಯ ಲಕ್ಷಣವಾಗಿರುವಾಗ, ಒಂಟಿಯಾಗಿ ಕುಳಿತು ಪಾಠಗಳನ್ನು ಮುಗಿಸುವುದು ಎಷ್ಟು ಕಷ್ಟವೆಂಬುದನ್ನು ಇದು ತೋರಿಸುತ್ತದೆ.

ಮುಂದೆ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅದೇ ಮೂಡ್‌ಜಿಮ್ ಜೊತೆಗೆ ತರಬೇತಿ ಪಡೆದ ಸಿಬ್ಬಂದಿಯು ದೂರವಾಣಿಯ ಮೂಲಕ ವ್ಯವಸ್ಥಿತ ಬೆಂಬಲ ನೀಡಿದಾಗ ನಾಲ್ಕು ತಿಂಗಳಲ್ಲಿ ಹೆಚ್ಚಿನ ಚೇತರಿಕೆ ಕಂಡುಬಂದಿತು. 39 ಅಧ್ಯಯನಗಳ ಮಾಹಿತಿಯನ್ನು ಒಟ್ಟುಗೂಡಿಸಿದ 2021ರ ವಿಶ್ಲೇಷಣೆಯೂ ಇದನ್ನೇ ಹೇಳುತ್ತದೆ: ಖಿನ್ನತೆಯು ಸೌಮ್ಯವಾಗಿದ್ದಲ್ಲಿ ಸ್ವಯಂ ಅಭ್ಯಾಸಕ್ಕೂ ಮಾರ್ಗದರ್ಶನ ಸಹಿತ ಅಭ್ಯಾಸಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ, ಖಿನ್ನತೆಯು ಮಧ್ಯಮ ಅಥವಾ ತೀವ್ರವಾಗಿದ್ದಲ್ಲಿ ಮಾರ್ಗದರ್ಶನ ಸಹಿತವಾದುದೇ ಉತ್ತಮ.

ಆದುದರಿಂದ ಆ್ಯಪ್‌ನಲ್ಲಿ ಏನಿದೆ ಎಂಬ ಪ್ರಶ್ನೆಯಷ್ಟೇ, ಬಳಸುವವರನ್ನು ಅದರಾಚೆಯಿಂದ ವಿಚಾರಿಸುವವರು ಯಾರು ಎಂಬ ಪ್ರಶ್ನೆಯೂ ಮುಖ್ಯವಾಗಿರುತ್ತದೆ.

4. ಪರಿಶೀಲನಾ ಪಟ್ಟಿ

ಸಾರ್ವಜನಿಕರು ಈ ಕೆಳಕಂಡ ಅಂಶಗಳನ್ನು ಕ್ರಮವಾಗಿ ಪರಿಶೀಲಿಸತಕ್ಕದ್ದು.

(1) ಯಾರಿಗಾಗಿ: ಯಾವ ವಯಸ್ಸಿನವರಿಗೆ, ಎಷ್ಟು ತೀವ್ರತೆಯ ಖಿನ್ನತೆಗೆ ಎಂಬುದನ್ನು ಸ್ಪಷ್ಟವಾಗಿ ತಿಳಿಸಿರಬೇಕು. ಉದಾಹರಣೆಗೆ, ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2024ರಲ್ಲಿ ಅನುಮತಿ ನೀಡಿದ ರಿಜಾಯಿನ್ ಎಂಬ ಆ್ಯಪ್, ಖಿನ್ನತೆಯ ಔಷಧಿ ಸೇವಿಸುತ್ತಿರುವ 22 ವರ್ಷ ಮೇಲ್ಪಟ್ಟವರಿಗೆ ವೈದ್ಯರ ಚೀಟಿಯ ಮೇರೆಗೆ ಮಾತ್ರ ಮೀಸಲಾಗಿದೆ. ‘ಎಲ್ಲರಿಗೂ, ಎಲ್ಲದಕ್ಕೂ’ ಎನ್ನುವ ಆ್ಯಪ್‌ನ ಬಗ್ಗೆ ಎಚ್ಚರ ವಹಿಸತಕ್ಕದ್ದು.

(2) ಪುರಾವೆ: ‘ವೈಜ್ಞಾನಿಕ’ ಎಂಬ ಪದವು ಪುರಾವೆಯಲ್ಲ. ಅದೇ ಆ್ಯಪ್‌ನ ಮೇಲೆ ಅಧ್ಯಯನ ನಡೆದಿದೆಯೇ, ಎಷ್ಟು ಜನರ ಮೇಲೆ, ಎಷ್ಟು ಕಾಲ, ಯಾವುದರೊಂದಿಗೆ ಹೋಲಿಸಿ ಎಂಬುದನ್ನು ನೋಡಬೇಕು. ವೋಬಾಟ್ ಎಂಬ ಚಾಟ್‌ಬಾಟ್‌ನ ಕುರಿತು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಖಿನ್ನತೆಯ ಲಕ್ಷಣಗಳು ಕಡಿಮೆಯಾಗಿದ್ದವು. ಆದರೆ ಅದು 70 ಯುವಜನರ ಮೇಲೆ ಎರಡು ವಾರ ಮಾತ್ರ ನಡೆದ ಅಧ್ಯಯನವಾಗಿತ್ತು. ಇಂತಹ ಫಲಿತಾಂಶವು ಭರವಸೆಯ ಸೂಚನೆಯೇ ಹೊರತು ಅಂತಿಮ ತೀರ್ಪಲ್ಲ.

(3) ಅಧಿಕೃತ ಪರಿಶೀಲನೆ: ಜರ್ಮನಿಯಲ್ಲಿ 2019ರ ಕಾನೂನಿನಂತೆ, ಪರಿಶೀಲನೆಗೆ ಒಳಪಟ್ಟ ಆ್ಯಪ್‌ಗಳ ಅಧಿಕೃತ ಪಟ್ಟಿಯಿದ್ದು, ವೈದ್ಯರು ಬರೆದುಕೊಟ್ಟಲ್ಲಿ ವಿಮೆಯು ವೆಚ್ಚವನ್ನು ಭರಿಸುತ್ತದೆ. ಭಾರತದಲ್ಲಿ ಅಂತಹ ಪಟ್ಟಿ ಇಲ್ಲದಿರುವುದರಿಂದ ಬಳಕೆದಾರರೇ ಪರಿಶೀಲಿಸಬೇಕಾಗುತ್ತದೆ. ಆ್ಯಪ್ ಮಳಿಗೆಯಲ್ಲಿ ಕಾಣುವ ನಕ್ಷತ್ರಗಳ ಸಂಖ್ಯೆಯು ಬಳಕೆದಾರರ ಮೆಚ್ಚುಗೆಯನ್ನು ತಿಳಿಸುತ್ತದೆಯೇ ಹೊರತು ಚಿಕಿತ್ಸಾ ಗುಣವನ್ನಲ್ಲ.

(4) ಹಿಂದಿರುವ ವ್ಯಕ್ತಿಗಳು: ಮನೋವೈದ್ಯರು ರಾಜ್ಯ ವೈದ್ಯಕೀಯ ಪರಿಷತ್ತಿನಲ್ಲಿ, ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಹೊಂದಿರಬೇಕು. ನೋಂದಣಿ ಸಂಖ್ಯೆಯನ್ನು ಕೇಳುವುದು ಅವಿಶ್ವಾಸವಲ್ಲ, ಅದು ಸೇವೆ ಪಡೆಯುವವರ ಹಕ್ಕು.

(5) ಅಪಾಯದ ಸಂದರ್ಭ: ಆತ್ಮಹತ್ಯೆಯ ಆಲೋಚನೆಯನ್ನು ತಿಳಿಸಿದಾಗ ಆ್ಯಪ್ ಏನು ಮಾಡುತ್ತದೆ? ಭಾರತದಲ್ಲಿ ಕೆಲಸ ಮಾಡುವ ಸಹಾಯವಾಣಿಯ ಸಂಖ್ಯೆಯನ್ನು ಕೂಡಲೇ ತೋರಿಸುತ್ತದೆಯೇ? ವಿದೇಶದ ಸಂಖ್ಯೆಯನ್ನು ಮಾತ್ರ ನೀಡುವ ಆ್ಯಪ್‌ನಿಂದ ಆ ಗಳಿಗೆಯಲ್ಲಿ ಪ್ರಯೋಜನವಿರುವುದಿಲ್ಲ.

(6) ಗೋಪ್ಯತೆ: 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮದ 23ನೇ ಪ್ರಕರಣವು ಮಾನಸಿಕ ಕಾಯಿಲೆಯುಳ್ಳ ವ್ಯಕ್ತಿಗೆ ಗೋಪ್ಯತೆಯ ಹಕ್ಕನ್ನು ನೀಡಿದೆ. ಆದಾಗ್ಯೂ ಆ್ಯಪ್‌ನ ಷರತ್ತುಗಳಿಗೆ ಒಪ್ಪಿಗೆ ನೀಡುವ ಮುನ್ನ, ಮಾಹಿತಿಯನ್ನು ಜಾಹೀರಾತು ಸಂಸ್ಥೆಗಳೊಂದಿಗೆ ಹಂಚಿಕೊಳ್ಳಲಾಗುತ್ತದೆಯೇ, ಖಾತೆಯನ್ನು ಅಳಿಸುವ ಅವಕಾಶವಿದೆಯೇ ಎಂಬುದನ್ನು ಓದತಕ್ಕದ್ದು. ಅಮೆರಿಕದಲ್ಲಿ ಆನ್‌ಲೈನ್ ಆಪ್ತಸಮಾಲೋಚನಾ ಸೇವೆಯೊಂದು ಬಳಕೆದಾರರ ಮಾಹಿತಿಯನ್ನು ಜಾಹೀರಾತಿಗಾಗಿ ಹಂಚಿಕೊಂಡ ಆರೋಪದ ಮೇಲೆ 2023ರಲ್ಲಿ 78 ಲಕ್ಷ ಡಾಲರ್ ಪಾವತಿಸಬೇಕಾಯಿತು.

(7) ಹಣ: ಪ್ರಾಯೋಗಿಕ ಅವಧಿ ಮುಗಿದ ನಂತರ ಶುಲ್ಕವು ತಾನಾಗಿಯೇ ಖಾತೆಯಿಂದ ಕಡಿತವಾಗುತ್ತದೆಯೇ ಎಂಬುದನ್ನು ನೋಡಬೇಕು. ವಾರ್ಷಿಕ ಚಂದಾ ಬದಲು ಮಾಸಿಕ ಚಂದಾ ಪಾವತಿಸುವುದು, ರಸೀದಿಯನ್ನು ಇಟ್ಟುಕೊಳ್ಳುವುದು ಒಳಿತು. ಆ್ಯಪ್‌ ಅನ್ನು ಮೊಬೈಲ್‌ನಿಂದ ತೆಗೆದುಹಾಕಿದ ಮಾತ್ರಕ್ಕೆ ಚಂದಾ ರದ್ದಾಗುವುದಿಲ್ಲ.

(8) ನಿರಂತರತೆ: ಸೇವೆಯು ಯಾವಾಗ ಬೇಕಾದರೂ ನಿಲ್ಲಬಹುದು. ಮೇಲೆ ಹೇಳಿದ ವೋಬಾಟ್ ಆ್ಯಪ್ 2025ರ ಜೂನ್ 30ರಂದು ಸ್ಥಗಿತಗೊಂಡಿತು. ಮುಖ್ಯ ಟಿಪ್ಪಣಿಗಳನ್ನು ಒಂದು ನೋಟ್‌ಬುಕ್ಕಿನಲ್ಲಿಯೂ ಬರೆದಿಟ್ಟುಕೊಳ್ಳುವುದು ಸೂಕ್ತ.

5. ಪ್ರಗತಿಯನ್ನು ಅಳೆಯುವ ವಿಧಾನ

ಪಿಎಚ್‌ಕ್ಯು-9 ಎಂಬ ಒಂಬತ್ತು ಪ್ರಶ್ನೆಗಳ ಪ್ರಶ್ನಾವಳಿಯು ಕಳೆದ ಎರಡು ವಾರಗಳ ಸ್ಥಿತಿಯನ್ನು ವಿಚಾರಿಸುತ್ತದೆ. ಇದರ ಅಂಕಗಳು 0ಯಿಂದ 27ರವರೆಗೆ ಇದ್ದು, 10 ಅಥವಾ ಹೆಚ್ಚು ಅಂಕಗಳು ಬಂದಲ್ಲಿ ವೈದ್ಯರನ್ನು ಕಾಣುವುದು ಅವಶ್ಯಕ. ಒಂಬತ್ತನೆಯ ಪ್ರಶ್ನೆಯು ಸಾವು ಅಥವಾ ಸ್ವಯಂ ಹಾನಿಯ ಆಲೋಚನೆಗೆ ಸಂಬಂಧಿಸಿದ್ದು, ಅದಕ್ಕೆ ಸೊನ್ನೆಯಲ್ಲದೆ ಬೇರೆ ಉತ್ತರ ಬಂದಲ್ಲಿ, ಒಟ್ಟು ಅಂಕ ಎಷ್ಟೇ ಇರಲಿ, ಅದೇ ದಿನ ಒಬ್ಬರೊಂದಿಗೆ ಮಾತನಾಡತಕ್ಕದ್ದು.

ಆ್ಯಪ್ ಆರಂಭಿಸುವ ದಿನ ಅಂಕವನ್ನು ಬರೆದಿಟ್ಟುಕೊಂಡು, ಎರಡು ವಾರಗಳಿಗೊಮ್ಮೆ ಪುನಃ ಪರಿಶೀಲಿಸಬೇಕು. ನಾಲ್ಕು ವಾರಗಳಲ್ಲಿ ಅಂಕವು ಇಳಿಯದಿದ್ದಲ್ಲಿ ಆ್ಯಪ್‌ ಒಂದನ್ನೇ ನೆಚ್ಚಿಕೊಳ್ಳದೆ ವೈದ್ಯರನ್ನು ಕಾಣತಕ್ಕದ್ದು. ಪ್ರಶ್ನಾವಳಿಯು ಅಳತೆಗೋಲು ಮಾತ್ರವಾಗಿದ್ದು, ಕಾಯಿಲೆಯನ್ನು ನಿರ್ಧರಿಸುವವರು ವೈದ್ಯರು.

6. ಆ್ಯಪ್‌ ಅನ್ನು ಅವಲಂಬಿಸಬಾರದ ಸಂದರ್ಭಗಳು

ಆತ್ಮಹತ್ಯೆಯ ಆಲೋಚನೆ ಅಥವಾ ಪ್ರಯತ್ನ, ಊಟ ನಿದ್ರೆಗಳನ್ನು ಪೂರ್ಣವಾಗಿ ಬಿಟ್ಟಿರುವುದು, ಇಲ್ಲದ ಧ್ವನಿ ಕೇಳಿಸುವುದು, ಹೆರಿಗೆಯ ನಂತರದ ತೀವ್ರ ಖಿನ್ನತೆ, ಹಿಂದೆ ಅತಿಯಾದ ಉತ್ಸಾಹದ ಅವಧಿಗಳು ಬಂದುಹೋಗಿರುವುದು ಇವುಗಳಲ್ಲಿ ಯಾವುದಿದ್ದರೂ ನೇರವಾಗಿ ಆಸ್ಪತ್ರೆಯನ್ನು ಸಂಪರ್ಕಿಸತಕ್ಕದ್ದು. ವೈದ್ಯರು ನೀಡಿದ ಮಾತ್ರೆಗಳನ್ನು ಆ್ಯಪ್‌ನ ಸಲಹೆಯ ಮೇರೆಗೆ ನಿಲ್ಲಿಸಬಾರದು.

7. ಲಭ್ಯವಿರುವ ಸರ್ಕಾರಿ ಸೇವೆಗಳು

ಟೆಲಿ-ಮಾನಸ್ ಸೇವೆಯು 2022ರ ಅಕ್ಟೋಬರ್ 10ರಂದು ಆರಂಭವಾಗಿದ್ದು, ನಿಮ್ಹಾನ್ಸ್ ಸಂಸ್ಥೆಯು ಇದರ ಶಿಖರ ಕೇಂದ್ರವಾಗಿರುತ್ತದೆ. ಕರೆಯನ್ನು ತರಬೇತಿ ಪಡೆದ ಆಪ್ತಸಮಾಲೋಚಕರು ಸ್ವೀಕರಿಸುತ್ತಾರೆ. ಅಗತ್ಯವಿದ್ದಲ್ಲಿ ತಜ್ಞರಿಗೆ ವರ್ಗಾಯಿಸಲಾಗುತ್ತದೆ. ಯಾವುದೇ ಶುಲ್ಕವಿರುವುದಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಅಡಿಯಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲಿಯೂ ಚಿಕಿತ್ಸೆ ದೊರೆಯುತ್ತದೆ. ಆ್ಯಪ್ ಬಳಸುತ್ತಿರುವವರು ಅಂಕಗಳನ್ನು ಬರೆದಿಟ್ಟ ಹಾಳೆಯನ್ನು ವೈದ್ಯರಿಗೆ ತೋರಿಸಿದಲ್ಲಿ ಚಿಕಿತ್ಸೆಗೆ ಅನುಕೂಲವಾಗುತ್ತದೆ.

8. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಆ್ಯಪ್‌ನ ಪಾಠಗಳನ್ನು ಅರ್ಧಕ್ಕೆ ಬಿಟ್ಟಿದ್ದಲ್ಲಿ ಅದು ಬಳಸಿದವರ ತಪ್ಪೇ?
ಉತ್ತರ: ಅಲ್ಲ. ಇಂಗ್ಲೆಂಡಿನ ಅಧ್ಯಯನದಲ್ಲಿ ಹೆಚ್ಚಿನವರು ಹಾಗೆಯೇ ಬಿಟ್ಟಿದ್ದರು. ಅದು ಸೋಮಾರಿತನವೂ ಅಲ್ಲ, ಗುಣವಾಗುವುದಿಲ್ಲ ಎಂಬುದರ ಸೂಚನೆಯೂ ಅಲ್ಲ. ಬೆಂಬಲದ ಅಗತ್ಯವಿದೆ ಎಂಬುದರ ಸೂಚನೆ ಮಾತ್ರ.

ಪ್ರಶ್ನೆ: ಕುಟುಂಬದವರು ಏನು ಮಾಡಬಹುದು?
ಉತ್ತರ: ಆ್ಯಪ್‌ನಲ್ಲಿ ಬರೆದುದನ್ನು ಇಣುಕಿ ನೋಡಬಾರದು. ವಾರಕ್ಕೊಮ್ಮೆ ‘ಪಾಠ ಎಲ್ಲಿಗೆ ಬಂತು, ಹೇಗೆನಿಸುತ್ತಿದೆ’ ಎಂದು ಕೇಳಿ, ಹೇಳಿದ್ದನ್ನು ಸಮಾಧಾನದಿಂದ ಆಲಿಸಬಹುದು. ಆಸ್ಪತ್ರೆಗೆ ಹೋಗಬೇಕಾದ ದಿನ ಜೊತೆಗೆ ಹೋಗಬಹುದು.

ಸಾರ್ವಜನಿಕರು ಮೇಲ್ಕಂಡ ಮಾಹಿತಿಯ ಸದುಪಯೋಗವನ್ನು ಪಡೆದುಕೊಳ್ಳಬೇಕೆಂದು ಕೋರಲಾಗಿದೆ.