ಕಿಡ್ನಿಯ ಆರೈಕೆ ಕರುಳಿನಲ್ಲೇ ಶುರುವಾಗಲಿ

ಕಿಡ್ನಿ ಸೋತರೆ ರಕ್ತದಲ್ಲಿ ವಿಷ ತುಂಬುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆ ವಿಷ ಹುಟ್ಟುವುದು ಎಲ್ಲಿ ಎಂದು ಕೇಳುವವರು ಕಡಿಮೆ. ಅದರಲ್ಲಿ ಒಂದು ಪಾಲು ತಯಾರಾಗುವುದು ದೊಡ್ಡ ಕರುಳಿನಲ್ಲಿ. ಜೀರ್ಣವಾಗದೆ ಉಳಿದ ಪ್ರೋಟೀನನ್ನು ಅಲ್ಲಿನ ಬ್ಯಾಕ್ಟೀರಿಯಾಗಳು ಒಡೆದಾಗ ಇಂಡೋಲ್, ಕ್ರೆಸಾಲ್ ಎಂಬ ವಸ್ತುಗಳು ಬರುತ್ತವೆ. ಇವು ದೇಹ ಸೇರಿ ಇಂಡಾಕ್ಸಿಲ್ ಸಲ್ಫೇಟ್, ಕ್ರೆಸಿಲ್ ಸಲ್ಫೇಟ್ ಆಗುತ್ತವೆ. ಆರೋಗ್ಯವಂತ ಕಿಡ್ನಿ ಇವನ್ನು ಮೂತ್ರದಲ್ಲಿ ಹೊರಹಾಕುತ್ತದೆ. ದುರ್ಬಲ ಕಿಡ್ನಿಗೆ ಅದು ಆಗದು. ರಕ್ತದ ಪ್ರೋಟೀನಿಗೆ ಅಂಟಿಕೊಂಡಿರುವುದರಿಂದ ಡಯಾಲಿಸಿಸ್ ಕೂಡ ಇವನ್ನು ಸರಿಯಾಗಿ ತೆಗೆಯಲಾರದು. ಇವು ಕರುಳಿನಿಂದಲೇ ಬರುತ್ತವೆ ಎಂಬುದಕ್ಕೆ 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಗಟ್ಟಿ ಪುರಾವೆ ಕೊಟ್ಟಿತು: ಶಸ್ತ್ರಚಿಕಿತ್ಸೆಯಲ್ಲಿ ದೊಡ್ಡ ಕರುಳನ್ನು ಕಳೆದುಕೊಂಡಿದ್ದ ಡಯಾಲಿಸಿಸ್ ರೋಗಿಗಳ ರಕ್ತದಲ್ಲಿ ಈ ವಸ್ತುಗಳು ಉಳಿದ ರೋಗಿಗಳಿಗಿಂತ ಬಹಳ ಕಡಿಮೆ ಇದ್ದವು.

ಬ್ಯಾಕ್ಟೀರಿಯಾಗಳಿಗೆ ನಾರು ಸಿಕ್ಕರೆ ಅವು ಪ್ರೋಟೀನ್ ಬಿಟ್ಟು ಅದನ್ನೇ ಹೆಚ್ಚಾಗಿ ಬಳಸುತ್ತವೆ. ಕರುಳಿನ ಗೋಡೆಗೆ ಶಕ್ತಿ ಕೊಡುವ ಬ್ಯುಟಿರೇಟ್‌ನಂಥ ಆಮ್ಲಗಳನ್ನು ಮಾಡಿಕೊಡುತ್ತವೆ. ಕೊಪ್ಪಳ ಜಿಲ್ಲೆಯ ಊಟಕ್ಕೂ ಕಿಡ್ನಿಗೂ ನಂಟು ಬೆಳೆಯುವುದು ಇಲ್ಲಿಯೇ. ಕುಷ್ಟಗಿ, ಯಲಬುರ್ಗಾದ ಒಣಭೂಮಿ ಜೋಳ, ಸಜ್ಜೆ, ಹೆಸರು ಬೆಳೆಯುವ ಸೀಮೆ. ತುಂಗಭದ್ರಾ ಎಡದಂಡೆ ಕಾಲುವೆಯ ಗಂಗಾವತಿ ಭತ್ತದ ಸೀಮೆ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ, ಸಜ್ಜೆಯಲ್ಲಿ 11 ಗ್ರಾಂ ನಾರು ಇದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ರೊಟ್ಟಿ ಬಿಟ್ಟು ಮೂರು ಹೊತ್ತೂ ಅನ್ನಕ್ಕೆ ಹೊರಳಿದ ಮನೆಯಲ್ಲಿ ಕರುಳಿನ ಬ್ಯಾಕ್ಟೀರಿಯಾಗಳ ಆಹಾರವೂ ಬದಲಾಗುತ್ತದೆ. 2014ರ ಒಂದು ಪ್ರಯೋಗದಲ್ಲಿ ಡಯಾಲಿಸಿಸ್ ರೋಗಿಗಳಿಗೆ ಆರು ವಾರ ಹೆಚ್ಚುವರಿ ನಾರು ಕೊಟ್ಟಾಗ ಇಂಡಾಕ್ಸಿಲ್ ಸಲ್ಫೇಟ್ ಇಳಿದದ್ದು ಕಂಡುಬಂತು.

ಹಿರಿಯರು ರೊಟ್ಟಿ ತಿಂದೇ ಬದುಕಿದವರು, ಅವರಿಗೂ ಕಿಡ್ನಿಯಲ್ಲಿ ಹರಳು ಆಗುತ್ತಿರಲಿಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಆಗುತ್ತಿತ್ತು. ಬಿಸಿಲಲ್ಲಿ ಬೆವರು ಸುರಿಸಿ ನೀರು ಕಡಿಮೆ ಕುಡಿದರೆ ಮೂತ್ರ ಗಟ್ಟಿಯಾಗಿ ಹರಳು ಕಟ್ಟುತ್ತದೆ. ನಾರೊಂದೇ ಅದನ್ನು ತಡೆಯದು. ಆದರೆ ಹರಳಿನಲ್ಲೂ ಕರುಳಿನ ಪಾತ್ರವಿದೆ. ಹೆಚ್ಚಿನ ಹರಳುಗಳು ಕ್ಯಾಲ್ಸಿಯಂ ಆಕ್ಸಲೇಟಿನವು. ಆಕ್ಸಲೇಟನ್ನೇ ತಿಂದು ಬದುಕುವ ಆಕ್ಸಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಕೆಲವರ ಕರುಳಿನಲ್ಲಿದೆ. 2008ರ ಅಮೆರಿಕದ ಅಧ್ಯಯನದಲ್ಲಿ ಹರಳು ಮರುಕಳಿಸುತ್ತಿದ್ದವರಲ್ಲಿ ಶೇ. 17 ಮಂದಿಯಲ್ಲಿ ಮಾತ್ರ ಅದು ಸಿಕ್ಕಿತು, ಹರಳಿಲ್ಲದವರಲ್ಲಿ ಶೇ. 38 ಮಂದಿಯಲ್ಲಿತ್ತು. ಇದು ನಂಟನ್ನು ತೋರಿಸುತ್ತದೆ, ಕಾರಣವನ್ನು ಸಾಬೀತು ಮಾಡುವುದಿಲ್ಲ. ಆದರೂ ಕೆಲವು ಆಂಟಿಬಯೋಟಿಕ್‌ಗಳು ಈ ಬ್ಯಾಕ್ಟೀರಿಯಾವನ್ನು ಅಳಿಸಬಲ್ಲವು ಎಂಬುದನ್ನು ನೆನೆದರೆ, ಸಣ್ಣ ಜ್ವರಕ್ಕೂ ಅಂಗಡಿಯಿಂದ ಆ ಮಾತ್ರೆ ತಂದು ನುಂಗುವ ರೂಢಿ ಎಷ್ಟು ತಪ್ಪೆಂದು ತಿಳಿಯುತ್ತದೆ. ಹರಳಿನ ಭಯಕ್ಕೆ ಮೊಸರು ಬಿಡುವುದೂ ತಪ್ಪು. ರಾಜಗಿರಿ ಪಲ್ಯೆ, ಶೇಂಗಾ ಹಿಂಡಿಯ ಜೊತೆ ಮೊಸರು ಉಂಡರೆ ಅದರ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಮಲದಲ್ಲಿ ಸಾಗಿಸುತ್ತದೆ.

ಹಾಗೆಂದು ಎಲ್ಲವನ್ನೂ ಬ್ಯಾಕ್ಟೀರಿಯಾದ ತಲೆಗೆ ಕಟ್ಟುವುದು ಸರಿಯಲ್ಲ. ಕಿಡ್ನಿಯನ್ನು ಹೆಚ್ಚು ಹಾಳುಮಾಡುವುದು ಸಕ್ಕರೆ ಕಾಯಿಲೆ ಮತ್ತು ಬಿಪಿ. ನೋವಿನ ಮಾತ್ರೆಗಳ ಅತಿ ಬಳಕೆಯೂ ಅಪಾಯಕಾರಿ. ಕುಷ್ಟಗಿ, ಯಲಬುರ್ಗಾದ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಅದನ್ನು ಹೊರಹಾಕಬೇಕಾದ್ದೂ ಕಿಡ್ನಿಯೇ, ಕುದಿಸಿದರೂ ಅದು ಹೋಗದು. ಕರುಳಿನ ವಿಷವನ್ನು ಮಾತ್ರೆಯಿಂದ ಹೀರಿಸುವ ಆಸೆಯೂ ಪೂರ್ತಿ ಫಲಿಸಿಲ್ಲ. ಇದ್ದಿಲಿನಂಥ ಔಷಧಿಯೊಂದನ್ನು 2,000ಕ್ಕೂ ಹೆಚ್ಚು ರೋಗಿಗಳಲ್ಲಿ ಪರೀಕ್ಷಿಸಿದ ದೊಡ್ಡ ಪ್ರಯೋಗಗಳ ಫಲಿತಾಂಶ 2015ರಲ್ಲಿ ಬಂದಾಗ, ಕಿಡ್ನಿ ಕೆಡುವ ವೇಗ ಒಟ್ಟಾರೆ ತಗ್ಗಿರಲಿಲ್ಲ. ಆದ್ದರಿಂದ ಪ್ರೋಬಯೋಟಿಕ್ ಡಬ್ಬಿಗೆ ಹಣ ಸುರಿಯುವ ಮುನ್ನ ತಟ್ಟೆಯನ್ನು ನೋಡಿಕೊಳ್ಳುವುದು ಜಾಣತನ.

ಕಿಡ್ನಿ ಗಟ್ಟಿಯಾಗಿರುವವರು ದಿನಕ್ಕೆ ಒಂದು ಹೊತ್ತಾದರೂ ಜೋಳ ಅಥವಾ ಸಜ್ಜೆ ರೊಟ್ಟಿ, ಕಾಳು, ಪಲ್ಯೆ, ಮಜ್ಜಿಗೆ ಉಣ್ಣಲಿ. ಕಿಡ್ನಿ ಕಾಯಿಲೆ ಇರುವವರಿಗೆ ಕಾಳು, ಸೊಪ್ಪಿನ ಪೊಟ್ಯಾಸಿಯಂ ಹೆಚ್ಚಾಗಬಹುದು. ಅವರು ವೈದ್ಯರನ್ನು ಕೇಳದೆ ಊಟ ಬದಲಿಸಬಾರದು. ಸಕ್ಕರೆ ಕಾಯಿಲೆ, ಬಿಪಿ ಇರುವವರು ವರ್ಷಕ್ಕೊಮ್ಮೆ ರಕ್ತದ ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್ ಪರೀಕ್ಷೆ ತಪ್ಪದೆ ಮಾಡಿಸಿಕೊಳ್ಳಿ.