ಮಾವಿಗೊಂದು, ಮಳೆಗೊಂದು: ಕೊಡಿಗೇಹಳ್ಳಿ ಸುತ್ತಿನ ಬಿಯರ್ ಬೆರಗು

ಬಾಳೆಹಣ್ಣು ಹಾಕಿಲ್ಲ! ಒಂದು ಚೂರೂ ಇಲ್ಲ, ಎಸೆನ್ಸಿನ ಒಂದು ತೊಟ್ಟೂ ಇಲ್ಲ. ಲವಂಗವಂತೂ ಆ ಕಡೆ ಸುಳಿದೇ ಇಲ್ಲ. ಆದರೂ ಮಬ್ಬು ಹೊಂಬಣ್ಣದ ಈ ಗೋಧಿ ಬಿಯರ್, ಹೆಫೆವೈಝನ್, ಮೂಗಿನ ಹತ್ತಿರ ಬಂದದ್ದೇ ತಡ, ಚೆನ್ನಾಗಿ ಕಳಿತ ಪಚ್ಚಬಾಳೆ ಘಮ್ಮೆನ್ನುತ್ತದೆ. ಅದರ ಬೆನ್ನಿಗೇ ಲವಂಗದ ಚುರುಕು. ಎಲ್ಲಿಂದ ಬಂತು ಇದು?

ಯೀಸ್ಟಿನಿಂದ! ಕಣ್ಣಿಗೆ ಕಾಣದ ಆ ಜೀವಿ ಬಾರ್ಲಿ, ಗೋಧಿಗಳ ಸಕ್ಕರೆ ತಿಂದು ಆಲ್ಕೋಹಾಲ್ ಮಾಡುವ ದಾರಿಯಲ್ಲಿ ಐಸೋಅಮೈಲ್ ಅಸಿಟೇಟ್ ಎಂಬ ಎಸ್ಟರನ್ನೂ ಹುಟ್ಟಿಸಿಬಿಡುತ್ತದೆ. ಬಾಳೆಹಣ್ಣಿಗೆ ಅದರ ಘಮ ಕೊಡುವುದೂ ಮುಖ್ಯವಾಗಿ ಇದೇ ಎಸ್ಟರ್. ಲವಂಗದ ವಾಸನೆ ತರುವ 4-ವಿನೈಲ್ ಗ್ವಾಯಕಾಲ್ ಕೂಡ ಅದೇ ಯೀಸ್ಟಿನ ಕೈಚಳಕ. ಇಷ್ಟು ಸಾಲದು ಎನ್ನುವವರಿಗೆ ಇನ್ನೊಂದು: ಕಳಿತ ಹಲಸಿನ ತೊಳೆಯ ಘಮದಲ್ಲೂ ಇದೇ ಎಸ್ಟರಿನ ಪಾಲಿದೆ. ಬವೇರಿಯಾದ ಹೆಫೆವೈಝನ್‌ಗೂ ದೊಡ್ಡಬಳ್ಳಾಪುರದ ತೂಬಗೆರೆ ಹಲಸಿಗೂ ನಂಟು! ಯಾರು ಊಹಿಸಿದ್ದರು?

ಹೀಗೆ ಮೊದಲ ಗುಟುಕಿನಲ್ಲೇ ತಲೆ ತಿರುಗಿಸುವ ಸಂಗತಿಗಳು (ತಿರುಗಿಸಿದ್ದು ಆಲ್ಕೋಹಾಲಲ್ಲ, ರಸಾಯನಶಾಸ್ತ್ರ) ಬೆಂಗಳೂರಿನ ಕೊಡಿಗೇಹಳ್ಳಿಯ ಸುತ್ತಮುತ್ತಲೇ ಕಾದಿವೆ.

ಕೂಗಳತೆಯಲ್ಲಿ ಒಂದು ಲೋಕ

ಕೊಡಿಗೇಹಳ್ಳಿಯನ್ನು ನೆನೆಸಿಕೊಂಡರೆ ಏನು ಕಣ್ಣಿಗೆ ಬರುತ್ತದೆ? ಬಳ್ಳಾರಿ ರಸ್ತೆಯ ಗೇಟಿನ ಟ್ರಾಫಿಕ್. ಯಶವಂತಪುರದಿಂದ ಹೊರಟ ರೈಲು ಲೊಟ್ಟೆಗೊಲ್ಲಹಳ್ಳಿ ದಾಟಿ, ಯಲಹಂಕ ಮುಟ್ಟುವ ಮೊದಲು ಸಿಗುವ ಪುಟ್ಟ ಸ್ಟೇಷನ್. ತಿಂಡ್ಲು, ವಿದ್ಯಾರಣ್ಯಪುರದ ಕಡೆ ತಿರುಗುವ ಬಸ್ಸುಗಳು. ಬಿಯರ್ ನೆನಪಾಗುವುದಿಲ್ಲ. ಆದರೆ ಪಕ್ಕದ ಸಹಕಾರನಗರಕ್ಕೆ ಕಾಲಿಟ್ಟರೆ ಡ್ರೂಯಿಡ್ ಗಾರ್ಡನ್ ಇದೆ. ಹೆಬ್ಬಾಳದ ಮೇಲ್ಸೇತುವೆ ಇಳಿದು ಪೂರ್ವಕ್ಕೆ ಸಾಗಿದರೆ ಹೆಣ್ಣೂರಿನ ಬಿಗ್ ಬ್ರೂಸ್ಕಿ ಇದೆ. ಗಾಜಿನಾಚೆ ಸ್ಟೀಲಿನ ಟ್ಯಾಂಕುಗಳು ನಿಂತ ಜಾಗಗಳಿವು. ಅಲ್ಲೇ ಕುದಿಸಿ, ಅಲ್ಲೇ ಹುದುಗಿಸಿ, ಅಲ್ಲೇ ಗ್ಲಾಸಿಗೆ ಬಿಡುತ್ತಾರೆ. ಕೆಲವೇ ಹೆಜ್ಜೆಯಾಚೆ ಹುಟ್ಟಿದ ಬಿಯರ್!

ಬೆಂಗಳೂರಿಗೆ ಬಿಯರ್ ಹೊಸದಲ್ಲ ಬಿಡಿ. ಬೆಂಗಳೂರು ಬ್ರೂವರಿ ಶುರುವಾದದ್ದು 1885ರಲ್ಲಿ. 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟಿಷ್ ಮನುಷ್ಯ ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ದಂಡಿನ ಸಿಪಾಯಿಗಳಿಗೆ ಬಿಯರ್ ಪೀಪಾಯಿಗಳು ಎತ್ತಿನ ಗಾಡಿಯಲ್ಲಿ ಹೋಗುತ್ತಿದ್ದ ಕಾಲ ಅದು. ಆದರೆ ಆ ದೊಡ್ಡ ಕಾರ್ಖಾನೆಯ ಬಿಯರಿಗೆ ಋತುವೆಂಬುದಿಲ್ಲ. ಜನವರಿಯ ಬಾಟಲಿಗೂ ಜುಲೈ ಬಾಟಲಿಗೂ ಒಂದೇ ರುಚಿ ಇರಬೇಕೆಂಬುದೇ ಅದರ ಪಣ.

ಆ ಪಣ ಮುರಿದದ್ದು ಮೊನ್ನೆ ಮೊನ್ನೆ. ಇಂದಿರಾನಗರದ ಟಾಯ್ಟ್ ಬಾಗಿಲು ತೆರೆದದ್ದು 2010ರಲ್ಲಿ, ವಿಠಲ್ ಮಲ್ಯ ರಸ್ತೆಯ ಬಿಯೆರ್ ಕ್ಲಬ್ 2011ರಲ್ಲಿ, ಮೆಗ್ರಾತ್ ರಸ್ತೆಯ ಆರ್ಬರ್ ಮತ್ತು ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ 2012ರಲ್ಲಿ. ಟಾಯ್ಟ್ ತನ್ನ ಬಿಯರಿಗೆ ಬಾಸ್ಮತಿ ಅಕ್ಕಿ ಬೆರೆಸಿ 'ಬಾಸ್ಮತಿ ಬ್ಲಾಂಡ್' ಎಂದು ಹೆಸರಿಟ್ಟಾಗಲೇ ಒಂದು ಬಾಗಿಲು ತೆರೆದಿತ್ತು. ಅಕ್ಕಿ ಆಗುತ್ತದೆ ಅಂದಮೇಲೆ ಮಾವು ಏಕಾಗಬಾರದು? ಕಾಫಿ? ಕೋಕಂ? ರಾಗಿ?

ಈಗ ಬ್ರೂವರಿಯ ಬೋರ್ಡಿನ ಮೇಲೆ ಎರಡು ಸಾಲು. ಒಂದರಲ್ಲಿ ವರ್ಷವಿಡೀ ಸಿಗುವ ಗೋಧಿ ಬಿಯರ್, ಲಾಗರ್, ಐಪಿಎ. ಇನ್ನೊಂದು ಸಾಲು ಮಾತ್ರ ಬರುತ್ತದೆ, ಹೋಗುತ್ತದೆ, ಮುಂದಿನ ವರ್ಷ ಮತ್ತೆ ಬರುತ್ತದೆ. ಬೆರಗೆಲ್ಲ ಇರುವುದು ಆ ಎರಡನೇ ಸಾಲಿನಲ್ಲಿ!

ಸಕ್ಕರೆ ಹೋಯಿತು, ಮಾವು ಉಳಿಯಿತು

ಒಂದೊಂದು ಬಗೆಗೆ ಒಂದೊಂದು ಸಣ್ಣ ಗ್ಲಾಸು ಇಟ್ಟ ಹಲಗೆ ಮೇಜಿಗೆ ಬರುತ್ತದೆ. ತೆಳು ಬಣ್ಣದಿಂದ ಶುರುಮಾಡಿ ಕಪ್ಪಿನ ಕಡೆಗೆ ಹೋಗಬೇಕು. ಮೊದಲೇ ಕಪ್ಪು ಕುಡಿದರೆ ನಾಲಿಗೆ ಮಿಕ್ಕವನ್ನು ಕೇಳಿಸಿಕೊಳ್ಳುವುದಿಲ್ಲ.

ಮಾವಿನ ಬಿಯರ್ ಬೇಸಿಗೆಯ ಅತಿಥಿ. ಏಪ್ರಿಲ್, ಮೇ ಬಂತೆಂದರೆ ಬೆಂಗಳೂರಿನ ಹಲವು ಬ್ರೂವರಿಗಳ ನಲ್ಲಿಗೆ ಹಾಜರು. ಹೆಸರು ಕೇಳಿದರೆ ಫ್ರೂಟಿಯ ಅಣ್ಣ ಇರಬೇಕು ಎನಿಸುತ್ತದೆ. ಕುಡಿದರೆ? ಸಿಹಿಯೇ ಇಲ್ಲ! ಮೂಗಿನಲ್ಲಿ ತೋಟಕ್ಕೆ ತೋಟವೇ ಇದೆ, ನಾಲಿಗೆಯ ಮೇಲೆ ಮಾತ್ರ ಒಣ ರುಚಿ, ಕೊನೆಗೆ ಚೂರು ಒಗರು. ಏನಾಯಿತು ಆ ಸಿಹಿ? ಯೀಸ್ಟ್ ತಿಂದು ಮುಗಿಸಿದೆ. ಮೊದಲ ಹುದುಗು ಇಳಿಯುವ ಹೊತ್ತಿಗೆ ಹಣ್ಣಿನ ತಿರುಳನ್ನು ಟ್ಯಾಂಕಿಗೆ ಸುರಿಯುತ್ತಾರೆ. ಯೀಸ್ಟ್ ಮತ್ತೆ ಎದ್ದು ಕುಳಿತು ಸಕ್ಕರೆಯನ್ನೆಲ್ಲ ಹೆಕ್ಕಿ ತಿನ್ನುತ್ತದೆ, ಘಮವನ್ನು ಬಿಟ್ಟುಕೊಡುತ್ತದೆ. ಬಾಯಲ್ಲಿ ಕರಗುವ ಸಿಹಿಯಿಂದ ಬಿಡಿಸಿಕೊಂಡ ಮಾವು ಹೇಗಿರುತ್ತದೆಂದು ತಿಳಿಯಬೇಕಾದರೆ ಇದೊಂದೇ ದಾರಿ!

ಮುಂದಿನ ಗ್ಲಾಸು ಬೆಲ್ಜಿಯನ್ ವಿಟ್. ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ! ನಮ್ಮ ಸಾರಿನಪುಡಿ ಡಬ್ಬಿಯಲ್ಲಿರುವ ಬೀಜವೇ ಇಲ್ಲಿ ನಿಂಬೆಯಷ್ಟು ಹಗುರಾಗಿ ತೇಲುತ್ತದೆ. ಈ ಬಿಯರ್ ಒಮ್ಮೆ ಸತ್ತೇ ಹೋಗಿತ್ತು. ಅದರ ತವರಾದ ಬೆಲ್ಜಿಯಮ್ಮಿನ ಹೂಗಾರ್ಡನ್ ಊರಿನ ಕೊನೆಯ ವಿಟ್ ಬ್ರೂವರಿ 1950ರ ದಶಕದಲ್ಲಿ ಮುಚ್ಚಿತು. ಹಾಲು ಮಾರುತ್ತಿದ್ದ ಪಿಯೆರ್ ಸೆಲಿಸ್ ಮುಂದಿನ ದಶಕದಲ್ಲಿ ಅದನ್ನು ಮತ್ತೆ ಬದುಕಿಸಿದ. ಅವನು ಹಾಲು ಮಾರಿಕೊಂಡೇ ಇದ್ದಿದ್ದರೆ ಸಹಕಾರನಗರದ ಸಂಜೆಗಳಲ್ಲಿ ಈ ಗ್ಲಾಸು ಇರುತ್ತಿತ್ತೋ ಇಲ್ಲವೋ!

ಇನ್ನು ಮಳೆಗಾಲದ ಕಪ್ಪು ಗ್ಲಾಸು: ಸ್ಟೌಟ್. ನೈಟ್ರೋಜನ್ ತುಂಬಿ ಬಿಟ್ಟ ಸ್ಟೌಟ್ ಸಿಕ್ಕರೆ ಕುಡಿಯಬೇಡಿ, ಮೊದಲು ನೋಡಿ. ಗ್ಲಾಸಿನ ಗೋಡೆಗುಂಟ ಗುಳ್ಳೆಗಳು ಕೆಳಗಿಳಿಯುತ್ತವೆ! ಮೇಲೇರಬೇಕಾದ ಗುಳ್ಳೆ ಕೆಳಕ್ಕೆ! ನಡುವೆ ಏರುವ ಗುಳ್ಳೆಗಳು ದ್ರವವನ್ನೂ ಎತ್ತಿಕೊಂಡು ಹೋಗುತ್ತವೆ. ಆ ದ್ರವ ಅಂಚಿನಲ್ಲಿ ಮರಳಿ ಇಳಿಯುವಾಗ ಪುಟಾಣಿ ಗುಳ್ಳೆಗಳನ್ನು ಜೊತೆಗೆ ಎಳೆಯುತ್ತದೆ. ಮೇಲಕ್ಕೆ ಹೋಗುತ್ತ ಅಗಲವಾಗುವ ಗ್ಲಾಸಿನ ಆಕಾರವೇ ಈ ಆಟಕ್ಕೆ ಮೂಲ. ಕುಡಿದರೆ ಕಾಫಿ. ಕಾಫಿ ಹಾಕದಿದ್ದರೂ ಕಾಫಿ. ಬಾರ್ಲಿಯನ್ನು ಕಪ್ಪಾಗುವ ತನಕ ಹುರಿದಿರುತ್ತಾರಲ್ಲ! ಅದರ ಮೇಲೆ ಚಿಕ್ಕಮಗಳೂರಿನ ಬೀಜದ ಡಿಕಾಕ್ಷನ್ನೂ ಸೇರಿದರೆ ಬಾರ್ಲಿ ಎಲ್ಲಿ ಮುಗಿಯಿತು, ಬಾಬಾಬುಡನ್‌ಗಿರಿ ಎಲ್ಲಿ ಶುರುವಾಯಿತು ಎಂದು ಹೇಳುವವರಿಲ್ಲ.

ಅಕ್ಟೋಬರಿನಲ್ಲಿ ಮರಳಿ ಬರುವ ಕಂದು ಬಣ್ಣದ ಮೇರ್ಟ್ಸನ್‌ನ ಕಥೆ ಕೇಳಿ. 1553ರಲ್ಲಿ ಬವೇರಿಯಾದ ದೊರೆ ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ಮಾಡಕೂಡದು ಎಂದು ಅಪ್ಪಣೆ ಹೊರಡಿಸಿದ. ಬೇಸಿಗೆಯ ಸೆಕೆಗೆ ಬಿಯರ್ ಕೆಡುತ್ತಿತ್ತು. ಹಾಗಾಗಿ ಮಾರ್ಚಿನಲ್ಲಿ ಗಟ್ಟಿಯಾಗಿ ಮಾಡಿ, ತಣ್ಣಗಿನ ನೆಲಮಾಳಿಗೆಯಲ್ಲಿಟ್ಟು, ಬೇಸಿಗೆಯಿಡೀ ಕಾಯ್ದು ಕುಡಿದರು. ಅವರ ಋತುವನ್ನು ಬಿಸಿಲು ತೀರ್ಮಾನಿಸಿತು. ನಮ್ಮಲ್ಲಿ ಟ್ಯಾಂಕುಗಳೇ ತಣ್ಣಗಿರುತ್ತವೆ, ಬಿಸಿಲಿನ ಅಂಜಿಕೆಯಿಲ್ಲ. ಹಾಗಾದರೆ ನಮ್ಮ ಋತುವನ್ನು ತೀರ್ಮಾನಿಸುವವರು ಯಾರು? ತೋಟ! ಹೊಲ! ಮಾರುಕಟ್ಟೆ!

ರಾಗಿ, ಪಕ್ಕದಲ್ಲೇ ಇದ್ದ ರಾಗಿ

ಈಗ ಉಸಿರು ಬಿಗಿಹಿಡಿಯುವ ಭಾಗ. ಬಿಯರಿನ ಜೀವಾಳ ಮಾಲ್ಟ್. ಮಾಲ್ಟ್ ಮಾಡುವುದು ಹೇಗೆ? ಕಾಳನ್ನು ನೆನೆಸಬೇಕು, ಮೊಳಕೆ ಬರಿಸಬೇಕು, ಸರಿಯಾದ ಹೊತ್ತಿಗೆ ಒಣಗಿಸಿ ಮೊಳಕೆಯನ್ನು ತಡೆಯಬೇಕು. ಎಲ್ಲೋ ನೋಡಿದ ಹಾಗಿದೆಯೇ? ಹಳೇ ಮೈಸೂರು ಸೀಮೆಯ ಮನೆಮನೆಯಲ್ಲಿ ರಾಗಿಯನ್ನು ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳಕೆ ಮೂಡಿದ ಮೇಲೆ ನೆರಳಲ್ಲಿ ಒಣಗಿಸಿ, ಹುರಿದು ಬೀಸಿ, ಮಗುವಿಗೆ ಕಲಸಿ ಕೊಡುತ್ತಾರಲ್ಲ! ಅದೇ! ಮೊಳಕೆಯೊಡೆಯುವ ಕಾಳಿನೊಳಗೆ ಅಮೈಲೇಸ್ ಎಂಬ ಕಿಣ್ವ ಎಚ್ಚರಗೊಳ್ಳುತ್ತದೆ. ಪಿಷ್ಟವನ್ನು ಕತ್ತರಿಸಿ ಸಕ್ಕರೆ ಮಾಡುವುದು ಅದರ ಕೆಲಸ. ಮಗುವಿನ ಗಂಜಿ ತೆಳ್ಳಗೆ, ಸಿಹಿಯಾಗಿ ಆಗುವುದೂ ಅದರಿಂದಲೇ, ಬ್ರೂವರಿಯ ಹಂಡೆಯಲ್ಲಿ ಬಾರ್ಲಿ ಸಿಹಿನೀರಾಗುವುದೂ ಅದರಿಂದಲೇ. ನಮ್ಮ ಅಜ್ಜಿಯರಿಗೆ ಮಾಲ್ಟಿಂಗ್ ಕಲಿಸಲು ಯಾವ ಜರ್ಮನ್ ಮೇಷ್ಟರೂ ಬೇಕಿರಲಿಲ್ಲ!

ರಾಗಿಯಿಂದ ಬಿಯರ್ ಆಗುತ್ತದೆಯೇ ಎಂಬ ಅನುಮಾನವೇ? ಸಿಕ್ಕಿಂ, ಡಾರ್ಜಿಲಿಂಗ್ ಕಡೆ ಹುದುಗಿಸಿದ ರಾಗಿಯನ್ನು ಮರದ ಅಥವಾ ಬಿದಿರಿನ ಪಾತ್ರೆಗೆ ತುಂಬಿ, ಬಿಸಿನೀರು ಸುರಿದು, ಬಿದಿರಿನ ಕೊಳವೆಯಿಂದ ಹೀರುತ್ತಾರೆ, ಅದು ತೊಂಗ್‌ಬಾ. ಉಗಾಂಡಾದ ತೇಸೊ ಜನ ಒಂದೇ ಮಡಕೆಯ ಸುತ್ತ ಕೂತು, ಮಾರುದ್ದದ ಕೊಳವೆ ಹಿಡಿದು ರಾಗಿಯ 'ಅಜೊನ್' ಕುಡಿಯುತ್ತಾರೆ. ರಾಗಿ ಮೊದಲು ಬೆಳೆಯಾದದ್ದೂ ಆ ಪೂರ್ವ ಆಫ್ರಿಕಾದ ಎತ್ತರದ ಸೀಮೆಯಲ್ಲೇ. ನಾವು ಮುದ್ದೆ ಕಟ್ಟಿದ ಕಾಳಿಗೆ ಅವರು ನೊರೆ ಬರಿಸಿದರು!

ಆ ಆಫ್ರಿಕಾ ನಂಟು ಮತ್ತೆ ಕುದುರಿದ್ದು ನಮ್ಮ ಕರ್ನಾಟಕದಲ್ಲೇ. 'ರಾಗಿ ಬ್ರಹ್ಮ' ಎಂದೇ ಹೆಸರಾದ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ಇನ್ನು ಕೊಡಿಗೇಹಳ್ಳಿ, ಸಹಕಾರನಗರಗಳ ಉತ್ತರಕ್ಕೆ ಏನಿದೆ ನೋಡಿ: ಜಿಕೆವಿಕೆ! 1964ರಲ್ಲಿ ಹುಟ್ಟಿದ ಕೃಷಿ ವಿಶ್ವವಿದ್ಯಾಲಯದ ಹಸಿರು ಆವರಣ, ದೇಶದ ಕಿರುಧಾನ್ಯ ಸಂಶೋಧನೆಯನ್ನು ಬಹುಕಾಲ ಹೊಂದಿಸಿದ ಜಾಗ, ಬೆಂಕಿರೋಗಕ್ಕೆ ಬಗ್ಗದ ಜಿಪಿಯು-28 ರಾಗಿಯ ತವರು. ಬಿಯರ್ ಟ್ಯಾಂಕಿನಿಂದ ರಾಗಿಯ ತವರಿಗೆ ಆಟೋ ದೂರ!

ಹಾಗೆಂದು ರಾಗಿ ಸುಲಭಕ್ಕೆ ಬಗ್ಗುವ ಕಾಳಲ್ಲ. ಬೆಂಗಳೂರಿನ ಬ್ರೂವರ್‌ಗಳು ರಾಗಿಯನ್ನು ಹಂಡೆಗಿಳಿಸಿ ನೋಡಿದ್ದಾರೆ, ಆದರೆ ಬಾರ್ಲಿಯ ಜೊತೆ ಬೆರೆಸಿಯೇ. ಬಾರ್ಲಿಗೆ ಗಟ್ಟಿ ಹೊಟ್ಟು ಇದೆ; ಹಂಡೆಯ ತಳದಲ್ಲಿ ಆ ಹೊಟ್ಟೇ ಜರಡಿಯಾಗಿ ಸಿಹಿನೀರನ್ನು ಸೋಸುತ್ತದೆ. ರಾಗಿಗೆ ಆ ಹೊಟ್ಟು ಇಲ್ಲ, ಒಂಟಿಯಾಗಿ ಹಾಕಿದರೆ ತಳ ಕಟ್ಟಿಕೊಳ್ಳುತ್ತದೆ. ಮೇಲಾಗಿ ಅದರ ಪಿಷ್ಟ ಬೇಯುವುದಕ್ಕೆ ಬಾರ್ಲಿಗಿಂತ ಹೆಚ್ಚು ಕಾವು ಬೇಕು. ಹಾಗಾಗಿ ಮೊದಲು ಅಂಬಲಿ ಕುದಿಸಿದಂತೆ ಬೇರೆಯಾಗಿ ಕುದಿಸಿ, ಆಮೇಲೆ ಬಾರ್ಲಿಯ ಜೊತೆ ಕೂಡಿಸಬೇಕು. ಇಷ್ಟೆಲ್ಲ ಪಟ್ಟ ಪಾಡಿಗೆ ಸಿಗುವ ಫಲ? ಹುರಿಹಿಟ್ಟಿನ ಡಬ್ಬಿ ತೆರೆದಾಗ ಬರುವ ಆ ಸೊಗಡು, ಕೊನೆಯ ಗುಟುಕಿನವರೆಗೂ ಬಿಡದ ಮಣ್ಣಿನ ಗುಣ. ಅಬ್ಬಾ!

ಬಳ್ಳಾರಿ ರಸ್ತೆಯ ಹಣ್ಣುಗಳು

ಇಷ್ಟಾದ ಮೇಲೆ ಕಣ್ಣು ತಾನಾಗಿ ಉತ್ತರಕ್ಕೆ ಹರಿಯುತ್ತದೆ. ಕೊಡಿಗೇಹಳ್ಳಿ ಗೇಟಿನಿಂದ ಬಳ್ಳಾರಿ ರಸ್ತೆ ಹಿಡಿದರೆ ಯಲಹಂಕ, ಅದರಾಚೆ ದೇವನಹಳ್ಳಿ. ಅಲ್ಲಿನ ಚಕ್ಕೋತಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ವಿಟ್ ಬಿಯರಿಗೆ ಬೇಕಾದದ್ದು ಕಿತ್ತಳೆ ಜಾತಿಯ ಸಿಪ್ಪೆ; ಚಕ್ಕೋತದ ಸಿಪ್ಪೆಯಲ್ಲಿರುವಷ್ಟು ಕಹಿ, ಘಮ ಇನ್ನೆಲ್ಲಿದೆ? ಇನ್ನೂ ಮುಂದೆ ಚಿಕ್ಕಬಳ್ಳಾಪುರದ ಕಡೆ ಚಪ್ಪರ ಚಪ್ಪರ ಬೆಂಗಳೂರು ಬ್ಲೂ ದ್ರಾಕ್ಷಿ, ಅದಕ್ಕೂ ಭೌಗೋಳಿಕ ಸೂಚಕ. ಇಟಲಿಯವರು ದ್ರಾಕ್ಷಿರಸವನ್ನು ಬಿಯರಿಗೆ ಬೆರೆಸಿ ಒಂದು ಪ್ರಕಾರವನ್ನೇ ಕಟ್ಟಿದ್ದಾರೆ. ನಮ್ಮ ನೀಲಿ ದ್ರಾಕ್ಷಿಯ ಆ ಮುಖ ಹಿಂಡುವ ಹುಳಿ, ಆ ಗಾಢ ಘಮ ಅದಕ್ಕೆ ಹೇಳಿ ಮಾಡಿಸಿದ್ದು. ಪಕ್ಕಕ್ಕೆ ಹೊರಳಿದರೆ ತೂಬಗೆರೆಯ ಹಲಸು. ಮೊದಲ ಗ್ಲಾಸಿನ ಗೋಧಿ ಬಿಯರಿಗೆ ರಸಾಯನಶಾಸ್ತ್ರವೇ ನಿಶ್ಚಯಿಸಿಟ್ಟ ಸಂಬಂಧ. ಒಂದೇ ದಿಕ್ಕಿನಲ್ಲಿ, ಒಂದು ಬೆಳಗ್ಗೆ ಸುತ್ತಿ ಬರಬಹುದಾದ ದೂರದಲ್ಲಿ, ವರ್ಷದ ಬಿಯರ್ ಪಟ್ಟಿಯೇ ಬೆಳೆದು ನಿಂತಿದೆ!

ಹಾಗಾಗಿ ಮುಂದೆ ಯಾವ ಬಿಯರ್ ಬರುತ್ತದೆಂದು ತಿಳಿಯಲು ಬ್ರೂವರಿಯ ಬೋರ್ಡನ್ನು ಕಾಯಬೇಕಿಲ್ಲ, ತಳ್ಳುಗಾಡಿಗಳನ್ನು ನೋಡಿದರೆ ಸಾಕು. ಹಣ್ಣು ರಾಶಿ ಬಿದ್ದ ಎರಡು ಮೂರು ವಾರಕ್ಕೆ ಅದು ಟ್ಯಾಂಕಿನಿಂದ ಇಳಿಯಬೇಕು; ಏಲ್ ಒಂದು ತಯಾರಾಗುವುದಕ್ಕೆ ಹಿಡಿಯುವ ಹೊತ್ತು ಹೆಚ್ಚುಕಡಿಮೆ ಅಷ್ಟೇ. ಹೋದಾಗ ಗಾಡಿ ಮನೆಯಲ್ಲಿರಲಿ, ಗ್ಲಾಸು ಸಣ್ಣದಿರಲಿ. ಬಡಿಸುವವರನ್ನು ಒಂದು ಪ್ರಶ್ನೆ ಮಾತ್ರ ಕೇಳದೆ ಬಿಡಬೇಡಿ: "ಇದರ ಹಣ್ಣು ಯಾವ ಊರಿನದು?" ಡಬ್ಬಿಯ ತಿರುಳು ಸುರಿದವರು ತಡವರಿಸುತ್ತಾರೆ. ಹಣ್ಣು ಆರಿಸಿ ತಂದವರು ಊರಿನ ಹೆಸರು ಹೇಳುತ್ತಾರೆ, ತಳಿಯ ಹೆಸರು ಹೇಳುತ್ತಾರೆ, ಈ ಸಲ ಮಳೆ ಎಷ್ಟು ಬಿತ್ತು ಎಂಬುದನ್ನೂ ಹೇಳುತ್ತಾರೆ. ಎರಡನೆಯ ಗ್ಲಾಸು ಅಂಥವರಲ್ಲೇ ಕುಡಿಯಿರಿ!