ತುಳುವಿನ ದಾರಿಯಲ್ಲಿ ಹಂಗೇರಿಯನ್, ಕೊಂಕಣಿಯ ದಾರಿಯಲ್ಲಿ ಚೆಕ್

ಬಾಟಾ ನಮ್ಮ ದೇಶದ್ದೇ ಕಂಪನಿ ಎಂದು ನಂಬಿದವರು ಉಡುಪಿ ಪೇಟೆಯಲ್ಲಿ ಕಡಿಮೆ ಇಲ್ಲ. ಅದನ್ನು 1894ರಲ್ಲಿ ಶುರು ಮಾಡಿದ್ದು ಚೆಕ್ ನಾಡಿನ ಜ್ಲೀನ್ ಎಂಬ ಊರಿನಲ್ಲಿ, ಟೊಮಾಶ್ ಬಾತ್ಯ ಮತ್ತು ಅವರ ಅಣ್ಣ, ಅಕ್ಕ ಸೇರಿ. ಮಣಿಪಾಲದ ಹಾಸ್ಟೆಲುಗಳಲ್ಲಿ ಹುಡುಗರು ತಿರುಗಿಸುತ್ತ ಕೂರುವ ರೂಬಿಕ್ ಕ್ಯೂಬ್ ಬುಡಾಪೆಸ್ಟ್‌ನ ಎರ್ನೊ ರೂಬಿಕ್ 1974ರಲ್ಲಿ ಮಾಡಿದ್ದು. ರೋಬೋ ಎಂಬ ಮಾತು ಲೋಕಕ್ಕೆ ಸಿಕ್ಕಿದ್ದು 1920ರಲ್ಲಿ ಕಾರೆಲ್ ಚಾಪೆಕ್ ಬರೆದ ಚೆಕ್ ನಾಟಕದಿಂದ. ರೈಲಿನ ‘ಕೋಚ್’ ಹುಟ್ಟಿದ್ದು ಕೋಚ್ ಎಂಬ ಹಂಗೇರಿಯ ಹಳ್ಳಿಯ ಹೆಸರಿನಿಂದ. ಸಾಮಾನು ಬಂತು, ಮಾತೂ ಬಂತು. ಭಾಷೆ ಮಾತ್ರ ಬರಲಿಲ್ಲ.

ಈಗ ಅದಕ್ಕೂ ಕಾರಣಗಳು ಹುಟ್ಟಿವೆ. ಹಂಗೇರಿ ಸರ್ಕಾರ 2013ರಲ್ಲಿ ಆರಂಭಿಸಿದ ಸ್ಟೈಪೆಂಡಿಯಂ ಹಂಗಾರಿಕುಮ್ ವಿದ್ಯಾರ್ಥಿವೇತನಕ್ಕೆ ಭಾರತದವರೂ ಅರ್ಜಿ ಹಾಕಬಹುದು. ಚೆಕ್ ದೇಶದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಂತೂ ಒಂದು ಚಂದದ ನಿಯಮ ಇದೆ: ಇಂಗ್ಲಿಷ್ ಮಾಧ್ಯಮದಲ್ಲಿ ಓದಿದರೆ ಶುಲ್ಕ, ಚೆಕ್ ಮಾಧ್ಯಮದಲ್ಲಿ ಓದಿದರೆ ಯಾವ ದೇಶದವರಿಗೂ ಬೋಧನಾ ಶುಲ್ಕವಿಲ್ಲ. ಮಣಿಪಾಲದಲ್ಲೋ ಕಾರ್ಕಳ ಬಳಿಯ ನಿಟ್ಟೆಯಲ್ಲೋ ಎಂಜಿನಿಯರಿಂಗ್ ಮುಗಿಸಿ ಯುರೋಪಿನತ್ತ ನೋಡುವವರಿಗೆ ಇದು ಲಕ್ಷಗಟ್ಟಲೆ ರೂಪಾಯಿಯ ವಿಷಯ. ಆದರೆ ಕರಾವಳಿಯಲ್ಲಿ ಫ್ರೆಂಚ್, ಜರ್ಮನ್ ಕಲಿಸುವವರು ಸಿಗುತ್ತಾರೆಯೇ ಹೊರತು ಈ ಎರಡನ್ನು ಕಲಿಸುವವರು ಸುಲಭಕ್ಕೆ ಸಿಗುವುದಿಲ್ಲ. ಶಾಸ್ತ್ರೋಕ್ತವಾಗಿ ಕಲಿಯಬೇಕೆಂದರೆ ದೆಹಲಿ ವಿಶ್ವವಿದ್ಯಾಲಯದಲ್ಲಿ ಸ್ಲಾವಿಕ್ ಮತ್ತು ಫಿನ್ನೊ-ಉಗ್ರಿಕ್ ಭಾಷೆಗಳಿಗೆಂದೇ ಒಂದು ವಿಭಾಗ ಇದೆ. ಅಷ್ಟು ದೂರ ಹೋಗಲಾಗದವರು ಪುಸ್ತಕ, ಮೊಬೈಲು ಹಿಡಿದು ತಾವೇ ಕಲಿಯಬೇಕು.

ಹಾಗೆ ಕೂತವರಿಗೆ ಮೊದಲು ಎದುರಾಗುವುದು ಒಂದು ಹೆದರಿಕೆ. ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಸರ್ಕಾರಿ ಸಂಸ್ಥೆ ಹಂಗೇರಿಯನ್ ಮತ್ತು ಚೆಕ್ ಎರಡನ್ನೂ ಕಠಿಣ ಭಾಷೆಗಳ ಸಾಲಿಗೆ ಸೇರಿಸಿದೆ. 44 ವಾರ, 1100 ತರಗತಿ ಗಂಟೆ ಬೇಕು ಎನ್ನುತ್ತದೆ. ಅಂತರ್ಜಾಲದಲ್ಲಿ ಯಾರು ಹುಡುಕಿದರೂ ಈ ಅಂಕಿ ಕಣ್ಣಿಗೆ ಬಿದ್ದೇ ಬೀಳುತ್ತದೆ. ಅದೇ ಸಾಲಿನಲ್ಲಿ ತಮಿಳು, ತೆಲುಗು ಕೂಡ ಇವೆ ಎಂಬುದನ್ನು ಮಾತ್ರ ಯಾರೂ ಗಮನಿಸುವುದಿಲ್ಲ. ಇಂಗ್ಲಿಷ್ ಮಾತಾಡುತ್ತ ಬೆಳೆದವರಿಗೆ ಯಾವುದು ಎಷ್ಟು ಕಷ್ಟ ಎಂಬ ಲೆಕ್ಕ ಅದು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಕೊಂಕಣಿ, ಬ್ಯಾರಿ, ಉರ್ದು ಕೇಳುತ್ತ ಬೆಳೆದ ಕಾಪುವಿನ ಹುಡುಗಿಗೆ ಆ ಲೆಕ್ಕ ಯಾಕೆ ಅನ್ವಯಿಸಬೇಕು?

ಉಡುಪಿ ಜಿಲ್ಲೆಯವರಿಗೆ ಈ ಎರಡು ಭಾಷೆಗಳ ವ್ಯಾಕರಣದಲ್ಲಿ ಅರ್ಧದಷ್ಟು ಆಗಲೇ ಬಾಯಲ್ಲಿದೆ. ಹಂಗೇರಿಯನ್‌ನ ಅರ್ಧ ತುಳು-ಕನ್ನಡದಲ್ಲಿ, ಚೆಕ್‌ನ ಅರ್ಧ ಕೊಂಕಣಿ ಮತ್ತು ಸಂಸ್ಕೃತದಲ್ಲಿ. ಇಂಗ್ಲಿಷ್ ಪಠ್ಯಪುಸ್ತಕ ಅದನ್ನು ಹೇಳುವುದಿಲ್ಲ, ಏಕೆಂದರೆ ಅದನ್ನು ಬರೆದದ್ದು ಇನ್ಯಾರಿಗೋ.

ಹಂಗೇರಿಯನ್ ಹೇಗಿದೆ ನೋಡಿ. ‘ಹಾಜ್’ ಎಂದರೆ ಮನೆ, ‘ಹಾಜ್‌ಬನ್’ ಎಂದರೆ ಮನೆಯಲ್ಲಿ. ಪ್ರತ್ಯಯ ಪದದ ಬೆನ್ನಿಗೇ ಅಂಟಿಕೊಳ್ಳುತ್ತದೆ. ಇಂಗ್ಲಿಷಿನ ಹಾಗೆ ಮುಂದೆ ಪ್ರತ್ಯೇಕವಾಗಿ ನಿಲ್ಲುವುದಿಲ್ಲ. ಹಂಗೇರಿಯ ಬಹುಪಾಲು ಊರುಗಳಿಗೆ ಬೇರೆ ಪ್ರತ್ಯಯ ಇದೆ, ಆದರೆ ಪರದೇಶದ ಊರುಗಳಿಗೆ ಸಾಮಾನ್ಯವಾಗಿ ಇದೇ. ಹಾಗಾಗಿ ಉಡುಪಿಯಲ್ಲಿ ಎನ್ನಲು ‘ಉಡುಪಿಬನ್’, ಮಣಿಪಾಲದಲ್ಲಿ ಎನ್ನಲು ‘ಮಣಿಪಾಲ್‌ಬನ್’. ಕಾರ್ಕಳಕ್ಕೆ ಬಂದಾಗ ಕೊನೆಯ ಅಕಾರ ದೀರ್ಘವಾಗಿ ‘ಕಾರ್ಕಳಾಬನ್’ ಆಗುತ್ತದೆ. ‘ಕಾಪುಬನ್’ ಎಂದರೆ ಮಾತ್ರ ಹಂಗೇರಿಯವರು ನಕ್ಕಾರು. ಅವರಲ್ಲಿ ಕಪು ಎಂದರೆ ಗೇಟು, ಫುಟ್‌ಬಾಲಿನ ಗೋಲು ಕೂಡ. ದೆಹಲಿಗೆ ಹೋದರೆ ಪ್ರತ್ಯಯವೇ ಬದಲಾಗಿ ‘ದೆಲ್ಹಿಬೆನ್’. ಪದದೊಳಗಿನ ಸ್ವರ ಬಾಯಿಯ ಹಿಂದಿನದಾದರೆ ಬನ್, ಮುಂದಿನದಾದರೆ ಬೆನ್.

ಇದನ್ನು ಪುಸ್ತಕಗಳು ಸ್ವರ ಸಾಮರಸ್ಯ ಎಂದು ಕರೆದು ಪುಟಗಟ್ಟಲೆ ವಿವರಿಸುತ್ತವೆ. ಇಂಗ್ಲಿಷಿನವರಿಗೆ ಅದು ವಿಚಿತ್ರ. ತುಳುವರು ದಿನಾ ಅಂಥದ್ದೊಂದನ್ನು ಮಾಡುತ್ತಲೇ ಇರುತ್ತಾರೆ. ‘ಊರುಗು’ ಎನ್ನುವಾಗ ಕೊನೆಯ ಸ್ವರ ತುಟಿ ದುಂಡಗಾಗಿ ಬರುತ್ತದೆ. ‘ಮರಕ್ಕ್’ ಎನ್ನುವಾಗ ಅದೇ ಜಾಗದಲ್ಲಿ ತುಟಿ ಅಗಲವಾಗಿಯೇ ಉಳಿದು, ಕನ್ನಡ ಲಿಪಿಯಲ್ಲಿ ಬರೆಯಲು ಬಾರದ ಆ ಅರ್ಧ ಉಕಾರ ಬರುತ್ತದೆ. ಹಿಂದಿನ ಸ್ವರ ಹೇಗಿತ್ತೋ ಹಾಗೆ. ಯಾರೂ ಇದನ್ನು ಕಲಿಸಿಲ್ಲ, ಯಾರೂ ತಪ್ಪುವುದಿಲ್ಲ. ಹಂಗೇರಿಯನ್‌ನಲ್ಲಿ ‘ಹತ್ತಿರಕ್ಕೆ’ ಎಂಬರ್ಥದ ಪ್ರತ್ಯಯಕ್ಕೆ ಮೂರು ರೂಪ ಇರುವುದು, ಅದರಲ್ಲೊಂದು ತುಟಿ ದುಂಡಗಾಗುವ ಸ್ವರಕ್ಕೆಂದೇ ಇರುವುದು ತುಳುವರಿಗೆ ಹೊಸ ತತ್ವವೇನಲ್ಲ.

ಇನ್ನೂ ಇದೆ. ‘ಅವರು ಮೇಷ್ಟ್ರು’ ಎನ್ನಲು ಕನ್ನಡಕ್ಕೆ ಕ್ರಿಯಾಪದ ಬೇಡ. ಹಂಗೇರಿಯನ್‌ಗೂ ಬೇಡ, ‘ಓ ತನಾರ್’ ಎಂದರೆ ಮುಗಿಯಿತು. ‘ನನಗೆ ಇಬ್ಬರು ಮಕ್ಕಳಿದ್ದಾರೆ’ ಎನ್ನುವ ಹಾಗೆಯೇ ಅವರೂ ‘ನನಗೆ ಇದೆ’ ಎಂದೇ ವಾಕ್ಯ ಕಟ್ಟುತ್ತಾರೆ. ಇಂಗ್ಲಿಷಿನಂತೆ ಹೊಂದುವ ಕ್ರಿಯಾಪದ ಅವರಲ್ಲಿಲ್ಲ. ನಾವು ‘ಎರಡು ಪುಸ್ತಕ’ ಎಂದು ಏಕವಚನದಲ್ಲೇ ಬಿಡುವಂತೆ ಅವರೂ ಬಿಡುತ್ತಾರೆ. ಅಣ್ಣನಿಗೆ ಬೇರೆ, ತಮ್ಮನಿಗೆ ಬೇರೆ, ಅಕ್ಕನಿಗೆ ಬೇರೆ, ತಂಗಿಗೆ ಬೇರೆ ಹೆಸರು. ಅಕ್ಕ ಎಂಬ ಪದವೇ ದಾದಿಯರಿಗೂ ಸಲ್ಲುತ್ತದೆ, ನಮ್ಮ ಆಸ್ಪತ್ರೆಗಳ ‘ಸಿಸ್ಟರ್’ ಹಾಗೆ. ಪಕ್ಕದ ಮನೆಯ ಹಿರಿಯರನ್ನು ಹೆಸರಿನ ನಂತರ ‘ನೇನಿ’ ಅಥವಾ ‘ಬಾಚಿ’ ಸೇರಿಸಿ ಕರೆಯುತ್ತಾರೆ. ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಸಂಗೀತಗಾರ ಬೇಲಾ ಬಾರ್ಟೋಕ್ ತನ್ನ ನಾಡಿನಲ್ಲಿ ಬಾರ್ಟೋಕ್ ಬೇಲಾ. ಕೋಟ ಶಿವರಾಮ ಕಾರಂತ ಎಂದು ಊರನ್ನು ಮುಂದಿಟ್ಟು ಹೆಸರು ಹೇಳುವ ಸೀಮೆಯವರಿಗೆ ಇದು ತಲೆಕೆಳಗು ಅನ್ನಿಸದು.

ಈ ಹೋಲಿಕೆ ಕಂಡು ಬೆರಗಾದವರು ಹಿಂದೆಯೂ ಇದ್ದರು. ತುಳುವನ್ನು ದ್ರಾವಿಡ ಭಾಷೆಗಳಲ್ಲಿ ಬಹಳ ಬೆಳೆದ ಭಾಷೆಗಳಲ್ಲೊಂದು ಎಂದು ಹೊಗಳಿದ ರಾಬರ್ಟ್ ಕಾಲ್ಡ್‌ವೆಲ್, 1856ರ ತಮ್ಮ ತೌಲನಿಕ ವ್ಯಾಕರಣದಲ್ಲಿ ದ್ರಾವಿಡ ಭಾಷೆಗಳನ್ನು ಫಿನ್ನಿಶ್, ಹಂಗೇರಿಯನ್ ಇರುವ ಗುಂಪಿನ ನಂಟರು ಎಂದು ವಾದಿಸಿದ್ದರು. 20ನೇ ಶತಮಾನದಲ್ಲಿ ಥಾಮಸ್ ಬರೋ ಅವರಂಥ ವಿದ್ವಾಂಸರೂ ಆ ಜಾಡು ಹಿಡಿದು ನೋಡಿದರು. ಇಂದಿನ ಭಾಷಾಶಾಸ್ತ್ರ ಈ ನಂಟನ್ನು ಸಾಬೀತಾದದ್ದೆಂದು ಒಪ್ಪುವುದಿಲ್ಲ. ಕಲಿಯುವವರಿಗೆ ಅದರಿಂದ ನಷ್ಟವೇನೂ ಇಲ್ಲ. ರಕ್ತಸಂಬಂಧ ಇರಲಿ ಬಿಡಲಿ, ಅಭ್ಯಾಸ ಒಂದೇ ಆದರೆ ಸಾಕು.

ಹಾಗೆಂದು ಎಲ್ಲವೂ ಸಲೀಸಲ್ಲ. ‘ಒಂದು ಮನೆ ನೋಡುತ್ತೇನೆ’ ಎಂಬುದಕ್ಕೂ ‘ಆ ಮನೆ ನೋಡುತ್ತೇನೆ’ ಎಂಬುದಕ್ಕೂ ಹಂಗೇರಿಯನ್‌ನಲ್ಲಿ ಕ್ರಿಯಾಪದವೇ ಬೇರೆ: ಮೊದಲನೆಯದು ‘ಲಾತೊಕ್’, ಎರಡನೆಯದು ‘ಲಾತೊಮ್’. ಇಂಥದ್ದು ತುಳುವಿನಲ್ಲೂ ಇಲ್ಲ, ಕೊಂಕಣಿಯಲ್ಲೂ ಇಲ್ಲ. ಪದಗಳಂತೂ ಒಂದೊಂದನ್ನೂ ಉರು ಹೊಡೆಯಲೇಬೇಕು.

ಚೆಕ್ ಕತೆ ಇದಕ್ಕೆ ತದ್ವಿರುದ್ಧ. ಪದಗಳು ಎಲ್ಲೋ ಕೇಳಿದಂತಿರುತ್ತವೆ, ವ್ಯಾಕರಣ ಸತಾಯಿಸುತ್ತದೆ. ಅದು ಸಂಸ್ಕೃತ, ಕೊಂಕಣಿಗಳ ದೂರದ ದಾಯಾದಿ. ದಿನಕ್ಕೆ ‘ದೆನ್’, ಆಕಾಶಕ್ಕೆ ‘ನೆಬೆ’ (ನಭ), ಚಳಿಗಾಲಕ್ಕೆ ‘ಜಿಮಾ’ (ಹಿಮ), ಹತ್ತಕ್ಕೆ ‘ದೆಸೆತ್’, ಸತ್ತದ್ದಕ್ಕೆ ‘ಮೃತ್ವೀ’. ‘ವ್ಯೆದ್ಯೆತ್’ ಎಂದರೆ ತಿಳಿ, ವೇದದ ವಿದ್ ಧಾತುವಿನದ್ದೇ ಬಳಗ. ನಮ್ಮ ವರ್ಣಮಾಲೆಯಲ್ಲಿ ಸ್ವರಗಳ ನಡುವೆ ಋ ಯಾಕೆ ಕೂತಿದೆ ಎಂದು ಕೇಳದ ಮಗುವಿಲ್ಲ. ಬಾಯಲ್ಲಿ ನಾವು ಅದನ್ನು ರು ಎಂದೇ ಬಿಡುತ್ತೇವೆ. ಚೆಕ್ಕರು ಮಾತ್ರ ರಕಾರವನ್ನು ನಿಜಕ್ಕೂ ಸ್ವರದಂತೆ ಎಳೆಯುತ್ತಾರೆ. ಬೆರಳು ‘ಪೃಸ್ತ್’, ಕತ್ತು ‘ಕೃಕ್’. ಅವರ ಬರಹದಲ್ಲಿ ಈ ಪದಗಳಿಗೆ ಒಂದೇ ಒಂದು ಸ್ವರಾಕ್ಷರ ಇರುವುದಿಲ್ಲ.

ಕೊಂಕಣಿಗರಿಗೆ ಇನ್ನೂ ದೊಡ್ಡ ಅನುಕೂಲ ಲಿಂಗದ ವಿಷಯದಲ್ಲಿ. ಕನ್ನಡದಲ್ಲಿ ಮರವೂ ದಾರಿಯೂ ಮನೆಯೂ ನಪುಂಸಕ. ಕೊಂಕಣಿಯಲ್ಲಿ ರೂಕು ಗಂಡು, ವಾಟ ಹೆಣ್ಣು, ಘರ ನಪುಂಸಕ. ಚೆಕ್‌ನಲ್ಲೂ ಹಾಗೆಯೇ ಮೂರು ಲಿಂಗ, ಜೀವವಿಲ್ಲದ ವಸ್ತುಗಳಿಗೂ. ಕನ್ನಡದವರು ಹೆಣ್ಣಾಗಲಿ ಗಂಡಾಗಲಿ ‘ನಾನು ಬಂದೆ’ ಎನ್ನುತ್ತಾರೆ. ಕೊಂಕಣಿಯಲ್ಲಿ ಗಂಡಸು ‘ಹಾಂವ್ ಆಯ್ಲೊಂ’, ಹೆಂಗಸು ‘ಹಾಂವ್ ಆಯ್ಲಿಂ’. ಚೆಕ್ ಗಂಡಸೂ ಹೆಂಗಸೂ ಬಂದದ್ದನ್ನು ಹೇಳುವುದು ಇದೇ ರೀತಿ ಬೇರೆ ಬೇರೆ. ಉಡುಪಿ ರಥಬೀದಿ ಸುತ್ತ, ಕಾರ್ಕಳದ ವೆಂಕಟರಮಣ ದೇವಸ್ಥಾನದ ಸುತ್ತ, ಅತ್ತೂರು ಚರ್ಚಿನ ಸುತ್ತ ಬೆಳೆದ ಕೊಂಕಣಿ ಮಕ್ಕಳು ಈ ಪಾಠವನ್ನು ನಾಲ್ಕನೇ ವಯಸ್ಸಿಗೇ ಮುಗಿಸಿರುತ್ತಾರೆ.

ವಿಭಕ್ತಿ ಏಳು. ಚೆಕ್ ಶಾಲೆಗಳಲ್ಲಿ ಮಕ್ಕಳು ಅವನ್ನು ಕಲಿಯುವುದು ಹೆಸರಿನಿಂದಲ್ಲ, ಸಂಖ್ಯೆಯಿಂದ: ಒಂದನೆಯದು, ಎರಡನೆಯದು, ಏಳನೆಯದು. ಪ್ರಥಮಾ, ದ್ವಿತೀಯಾ ಎಂದು ಬೆಂಚಿನ ಮೇಲೆ ನಿಂತು ಹೇಳಿದ ನಮ್ಮವರಿಗೆ ಇದು ಹಳೇ ಪರಿಚಯ. ಆದರೆ ಪ್ರತ್ಯಯ ಅಂಟಿಸಿ ಸುಮ್ಮನಿರುವ ಭಾಷೆ ಇದಲ್ಲ. ಪದದ ಮೈಯನ್ನೇ ತಿರುಚುತ್ತದೆ. ರಾಜಧಾನಿ ‘ಪ್ರಾಹಾ’, ಅಲ್ಲಿ ಎನ್ನಲು ‘ಫ್ ಪ್ರಾಜೆ’. ಅಕಾರದಲ್ಲಿ ಮುಗಿಯುವ ಕಾರ್ಕಳ ಚೆಕ್ ಕಿವಿಗೆ ಹೆಣ್ಣು: ಅಲ್ಲಿಂದ ಎನ್ನಲು ‘ಸ್ ಕಾರ್ಕಳಿ’, ಅಲ್ಲಿ ಎನ್ನಲು ‘ಫ್ ಕಾರ್ಕಳೆ’. ಮಣಿಪಾಲ ಗಂಡು. ಉಡುಪಿ, ಕಾಪು ಯಾವ ಗುಂಪಿಗೂ ಸೇರದೆ ಹಾಗೇ ಉಳಿಯುತ್ತವೆ. ಇನ್ನು ಸಂಗೀತಗಾರ ದ್ವೊರ್ಝಾಕ್ ಹೆಸರಿನ ನಡುವೆ ಇರುವ, ರ ಮತ್ತು ಝ ಒಟ್ಟಿಗೇ ನುಡಿಯಬೇಕಾದ ಆ ಒಂದು ವ್ಯಂಜನ. ಚೆಕ್ ಮಕ್ಕಳೇ ಅದನ್ನು ಕೊನೆಗೆ ಕಲಿಯುತ್ತಾರೆ. ಹೊರಗಿನವರು ಅದಕ್ಕಾಗಿ ನಿದ್ದೆಗೆಡಬೇಕಿಲ್ಲ.

ಎರಡನ್ನೂ ಒಟ್ಟಿಗೆ ಶುರು ಮಾಡುವ ಹುಮ್ಮಸ್ಸು ಕೆಲವರಿಗೆ ಇರುತ್ತದೆ. ನಕ್ಷೆಯಲ್ಲಿ ನಡುವೆ ಸ್ಲೊವಾಕಿಯ ಮಾತ್ರ ಇದೆ, ಭಾಷೆಗಳಿಗೆ ಒಂದಕ್ಕೊಂದು ಸಂಬಂಧವೇ ಇಲ್ಲ. ಮನೆಯಲ್ಲಿ ತುಳು ಇದ್ದರೆ ಹಂಗೇರಿಯನ್, ಕೊಂಕಣಿ ಇದ್ದರೆ ಚೆಕ್ ಹಿಡಿದು, ಅದು ಒಂದು ಹದಕ್ಕೆ ಬಂದ ಮೇಲೆ ಇನ್ನೊಂದಕ್ಕೆ ಕೈ ಹಾಕುವುದು ಒಳ್ಳೆಯದು. ಡುಯೊಲಿಂಗೊದಲ್ಲಿ ಎರಡೂ ಇವೆ, ಆದರೆ ಇಂಗ್ಲಿಷ್ ಮೂಲಕ. ಅದು ಪದ ಕಲಿಸುತ್ತದೆ, ವಿಭಕ್ತಿ ಕಲಿಸುವುದಿಲ್ಲ. ಅದಕ್ಕೆ ಪುಸ್ತಕವೇ ಬೇಕು: ಹಂಗೇರಿಯನ್‌ಗೆ ಪೇಚ್ ವಿಶ್ವವಿದ್ಯಾಲಯ ತಂದ ‘ಮಜರ್ ಓಕೆ’, ಚೆಕ್‌ಗೆ ಲೀದಾ ಹೋಲಾ ಅವರ ‘ಚೆಶ್ತಿನಾ ಕ್ರೋಕ್ ಜಾ ಕ್ರೋಕೆಮ್’. ಪಾಠದ ಪಕ್ಕ ಇಂಗ್ಲಿಷ್ ಅರ್ಥ ಬರೆಯುವ ಬದಲು ತುಳುವಿನಲ್ಲೋ ಕೊಂಕಣಿಯಲ್ಲೋ ಬರೆದುಕೊಂಡರೆ ವಾಕ್ಯದ ಕಟ್ಟು ತಾನಾಗಿ ಕಾಣುತ್ತದೆ. ಮೊದಲ ವಾರ ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲಿ ಗುರುತು ಹಾಕಿಕೊಂಡರೂ ತಪ್ಪಿಲ್ಲ. ಹ್ರಸ್ವ-ದೀರ್ಘವನ್ನು ಅದು ಇಂಗ್ಲಿಷಿಗಿಂತ ಚೆನ್ನಾಗಿ ಹಿಡಿಯುತ್ತದೆ. ಎರಡೂ ಭಾಷೆಗಳಲ್ಲಿ ಒತ್ತು ಯಾವಾಗಲೂ ಮೊದಲ ಅಕ್ಷರದ ಮೇಲೆ. ಕಿವಿಗೆ ಹಂಗೇರಿಯ ಜನಪದ ಕತೆಗಳ ಕಾರ್ಟೂನ್ ಒಳ್ಳೆಯದು. ಚೆಕ್‌ನ ಪ್ರಸಿದ್ಧ ಹೆಗ್ಗಣದ ಮರಿಯಂಥ ಕಾರ್ಟೂನ್ ನಾಯಕ ಕ್ರ್‌ತೆಕ್‌ನಿಂದ ಉಪಯೋಗವಿಲ್ಲ. ಅವನು ಹೆಚ್ಚಿನ ಚಿತ್ರಗಳಲ್ಲಿ ಮಾತೇ ಆಡುವುದಿಲ್ಲ.

ಮೇಷ್ಟ್ರಿಲ್ಲದೆ ಭಾಷೆ ಕಲಿಯುವುದು ಈ ಕಡೆಯವರಿಗೆ ಹೊಸತಲ್ಲ. ಮಂಜೇಶ್ವರದ ಗೋವಿಂದ ಪೈಗಳು ಗ್ರೀಕ್, ಲ್ಯಾಟಿನ್, ಪಾಲಿಗಳನ್ನೂ ಬಲ್ಲವರಾಗಿದ್ದರು. ಉಡುಪಿಯ ಎಂಜಿಎಂ ಕಾಲೇಜಿನಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರ ಇದೆ. ಆರು ಸಂಪುಟಗಳ ತುಳು ನಿಘಂಟನ್ನು ಅಲ್ಲಿಂದಲೇ 1988ರಿಂದ 1997ರ ನಡುವೆ ಹೊರತಂದ ಕಾಪು ಪರಿಸರದ ಯು.ಪಿ. ಉಪಾಧ್ಯಾಯರು, ಅದಕ್ಕೂ ಮುಂಚೆ ಪತ್ನಿ ಸುಶೀಲಾ ಅವರೊಂದಿಗೆ ಸೆನೆಗಲ್‌ನ ಡಾಕರ್‌ನಲ್ಲಿದ್ದು ಆಫ್ರಿಕದ ಭಾಷೆಗಳನ್ನು ದ್ರಾವಿಡದ ಪಕ್ಕದಲ್ಲಿಟ್ಟು ನೋಡಿದವರು. ಆ ಕಡೆಯಿಂದ ಈ ಕಡೆಗೂ ಬಂದಿದ್ದಾರೆ. ಹಂಗೇರಿಯನ್ನರ ಮೂಲ ಹುಡುಕಲು ಹೊರಟ ಚೋಮ ಕೋರೋಶಿ ಲಡಾಖ್ ಸೇರಿ, 1834ರಲ್ಲಿ ಕಲ್ಕತ್ತದಲ್ಲಿ ಟಿಬೆಟನ್ ನಿಘಂಟು ಅಚ್ಚು ಹಾಕಿಸಿದ. ಪ್ರಾಗ್‌ನಲ್ಲಿ 1927ರಲ್ಲಿ ಹುಟ್ಟಿದ ಕಮಿಲ್ ಜ್ವೆಲೆಬಿಲ್ ತಮಿಳಿನ ದೊಡ್ಡ ವಿದ್ವಾಂಸರಾಗಿ, ನೀಲಗಿರಿಯ ಇರುಳ ಭಾಷೆಗೆ ವ್ಯಾಕರಣ ಬರೆದರು.

ಹಂಗೇರಿಯ ದೆಬ್ರೆತ್ಸೆನ್, ಸೆಗೆದ್, ಪೇಚ್‌ಗಳಲ್ಲಿ ಇಂಗ್ಲಿಷಿನಲ್ಲೇ ವೈದ್ಯಕೀಯ ಓದಬಹುದು. ಆದರೆ ವಾರ್ಡಿಗೆ ಇಳಿದ ಮೇಲೆ ರೋಗಿಗೆ ಇಂಗ್ಲಿಷ್ ಬರಬೇಕಲ್ಲ? ಅದಕ್ಕೇ ವಿದೇಶಿ ವಿದ್ಯಾರ್ಥಿಗಳಿಗೂ ಹಂಗೇರಿಯನ್ ಪಾಠ ಇರುತ್ತದೆ. ಮಣಿಪಾಲದ ಕೆಎಂಸಿಗೆ ಹೊರರಾಜ್ಯದಿಂದ ಬಂದ ಹುಡುಗರು ಕನ್ನಡದ ನಾಲ್ಕು ಮಾತು ಕಲಿಯುವ ಪಡಿಪಾಟಲೇ ಇದು. ಮೊದಲ ಪಾಠದ ಪ್ರಶ್ನೆ ‘ಹೊಲ್ ಫಾಯ್?’ ಎಲ್ಲಿ ನೋವು? ಎರಡೇ ಪದ, ತುಳುವಿನ ‘ಓಲು ಬೇನೆ?’ ಹಾಗೆ, ಅದೇ ಕ್ರಮದಲ್ಲಿ. ಕೇಳಲು ಒಂದು ದಿನ ಸಾಕು. ಅಜ್ಜಿಯೊಬ್ಬಳು ಅದಕ್ಕೆ ಕಾಲು ಗಂಟೆ ಕೊಡುವ ಉತ್ತರ ಅರ್ಥವಾಗಲು ಎರಡು-ಮೂರು ವರ್ಷ ಬೇಕು.